ಶಿರಸ್ತೇದಾರರ ಮನೆಗೆ ಬಂದ ಹೊಸಾಕಿ

ಅವರ ಎರಡೂ ಮುಂಗೈಗಳ ತುಂಬ ಉಗುರಿನ ಗೀರುಗಳಿದ್ದವು. ಹಳೆಯವು ಮಾಸಿ ಬಿಳಿಯ ನೂಲಿನಂತೆ ಚರ್ಮಕ್ಕೆ ಅಂಟಿಕೊಂಡಿದ್ದರೆ, ಹೊಸವು ಅರಿಶಿನ ಮೆತ್ತಿಸಿಕೊಂಡು ಕೆಂಪಗೆ ಉಬ್ಬಿರುತ್ತಿದ್ದವು. ಹೊರಗೆ ಹೊರಟಾಗ ತುಂಬುತೋಳಿನ ಬಿಳಿ ಅಂಗಿ ತೊಟ್ಟು ಮಣಿಕಟ್ಟಿನ ಗುಂಡಿಯನ್ನು ತಪ್ಪದೆ ಹಾಕುತ್ತಿದ್ದರು. ಮನೆಯ ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂತಾಗ ಮಾತ್ರ ಆ ಕೈಗಳನ್ನು ಯಾರಿಂದಲೂ ಮರೆಮಾಡುತ್ತಿರಲಿಲ್ಲ.

ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದಿನ ನಮ್ಮ ಓಣಿಯಲ್ಲಿ ಅವರನ್ನು ಎಲ್ಲರೂ ಶಿರಸ್ತೇದಾರರು ಎಂದೇ ಕರೆಯುತ್ತಿದ್ದರು. ಯಲಬುರ್ಗಾ, ಕುಷ್ಟಗಿ, ಕೊಪ್ಪಳ ಎಂದು ಸುತ್ತಿ, ಕೋರ್ಟಿನ ಕಡತಗಳ ನಡುವೆಯೇ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಳವಂಡಿಯಿಂದ ಬಂದ ಅಕ್ಕ ಮನೆ ನೋಡಿಕೊಳ್ಳುತ್ತಿದ್ದರು. ಅವರಿಬ್ಬರ ಜೊತೆಗೆ ಮೂರು ಬೆಕ್ಕುಗಳು: ಕರಿಯ, ಹಿಂಗಾಲು ಎಳೆಯುವ ಕುಂಟ, ಮತ್ತು ಎಲ್ಲಕ್ಕೂ ಹಿರಿಯಳಾದ, ತುಂಡುಬಟ್ಟೆಗಳ ಕೌದಿ ಹೊದ್ದಂತೆ ಬಣ್ಣಬಣ್ಣದ ಮುದುಕಿ. ಗಿರಣಿಯ ಇಲಿಗಳು ಓಣಿಯ ಮನೆಗಳಿಗೆಲ್ಲ ನುಗ್ಗುವುದರಿಂದ ನಮ್ಮಲ್ಲಿ ಬೆಕ್ಕಿಲ್ಲದ ಮನೆ ಅಪರೂಪ. ಆದರೆ ಬೆಕ್ಕಿನೊಡನೆ ಬಹುವಚನದಲ್ಲಿ ಮಾತಾಡುವ ಮನೆ ಅದೊಂದೇ ಇತ್ತು.

ನಾನು ಅವರ ಎದುರಿನ ಕಟ್ಟಡದ ಮಹಡಿಯಲ್ಲಿ ಬಾಡಿಗೆಗಿದ್ದೆ. ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ ಬಂದು ಪತ್ರಿಕೆಗೆ ವರದಿ ಬರೆಯುತ್ತಿದ್ದವಳು. ಒಡೆದ ಕಾಲುವೆ, ಬಾಗಿಲು ತೆರೆಯದ ಆಸ್ಪತ್ರೆ, ಯಾವುದರ ಮುಂದೆ ನಿಂತರೂ ನನ್ನ ಮೊದಲ ಪ್ರಶ್ನೆ ಒಂದೇ: ಇದಕ್ಕೆ ಹೊಣೆ ಯಾರು? ಆ ಪ್ರಶ್ನೆಯ ಕಾರಣಕ್ಕೇ ಅವರು ನನ್ನನ್ನು ವಕೀಲಬಾಯಿ ಎಂದು ಛೇಡಿಸುತ್ತಿದ್ದರು.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಒಬ್ಬ ಎಂಜಿನಿಯರರ ಸಂಸಾರವಿತ್ತು. ಮಗಳ ಹುಟ್ಟುಹಬ್ಬಕ್ಕೆಂದು ತಂದ ಉದ್ದ ಕೂದಲಿನ ಬಿಳಿ ಬೆಕ್ಕೊಂದು ಅವರಲ್ಲಿತ್ತು. ಅದರ ಪಾದಗಳು ಮಣ್ಣು ತುಳಿದದ್ದನ್ನು ನಾನು ಕಂಡಿರಲಿಲ್ಲ. ವರ್ಗವಾಗಿ ಹೊರಡುವ ಮುನ್ನಾದಿನ ಎಂಜಿನಿಯರರ ಹೆಂಡತಿ, ಅದನ್ನು ಗಿರಣಿಯ ಅಂಗಳದಲ್ಲಿ ಬಿಟ್ಟುಹೋಗುವುದಾಗಿ, ಬೇಕಾದಷ್ಟು ಇಲಿ ತಿಂದು ಸುಖವಾಗಿರುತ್ತದೆಂದು ಹೇಳಿದರು. ಗಿರಣಿಯ ಅಂಗಳ ನಾಯಿಗಳ ರಾಜ್ಯ. ಮೆಟ್ಟಿಲ ಮೇಲೆಯೇ ಜಗಳವಾಯಿತು. ನಾನು ಸಾಕೋಣವೆಂದರೆ, ಎಂಜಿನಿಯರರಿಗೆ ಕೊಟ್ಟ ಸಲಿಗೆಯನ್ನು ಮನೆಯ ಮಾಲೀಕರು ನನಗೆ ಕೊಡುವವರಲ್ಲ. ನೇರ ಶಿರಸ್ತೇದಾರರ ಕಟ್ಟೆಗೆ ಹೋದೆ.

ಎಲ್ಲವನ್ನೂ ಕೇಳಿದ ಮೇಲೂ ಅವರು ತಕ್ಷಣ ಹೂಂ ಅನ್ನಲಿಲ್ಲ. "ತರಾಕ ಅಡ್ಡಿ ಇಲ್ರಿ. ಆದ್ರ ನಮ್ಮ ಮನ್ಯಾಗ ಮೊದಲ ಮೂರು ಮಂದಿ ಅದಾರ. ಅವರ ಒಪ್ಪಿಗಿ ಇಲ್ದ ಒಬ್ಬಾಕಿನ್ನ ತಂದು ನಿಂದ್ರಿಸಿದ್ರ, ನಾಳಿ ನಾಕೂ ಬೀದಿಪಾಲು," ಎಂದರು. ಆಮೇಲೆ ಒಂದು ಷರತ್ತು ಹಾಕಿದರು. ಬೆಕ್ಕನ್ನು ಸಾಕಿದವರೇ ತಂದು ಒಪ್ಪಿಸಬೇಕು.

ಮರುದಿನ ಬೆಳಿಗ್ಗೆ ಬಂದದ್ದು ಎಂಜಿನಿಯರರ ಚಾಲಕ, ಬಾಯಿ ಕಟ್ಟಿದ ಗೋಣಿಚೀಲದೊಡನೆ. ಶಿರಸ್ತೇದಾರರು ಕೂತಲ್ಲಿಂದ ಏಳಲಿಲ್ಲ. "ಕಕ್ಷಿದಾರ ಬರಬೇಕು. ಚೀಲ ಅಲ್ಲ," ಎಂದು ಅವನನ್ನು ತಿರುಗಿ ಕಳಿಸಿದರು. ಸ್ವಲ್ಪ ಹೊತ್ತಿಗೆ ಎಂಜಿನಿಯರರು ತಾವೇ ಬೆಕ್ಕನ್ನೂ ಅದು ಮಲಗುತ್ತಿದ್ದ ಕಂಬಳಿಯನ್ನೂ ಎತ್ತಿಕೊಂಡು, ಮುಖ ಗಂಟಿಕ್ಕಿ ಬಂದರು. ಶಿರಸ್ತೇದಾರರು ಅವರನ್ನು ಕಟ್ಟೆಯ ಮೇಲೆ ಕೂರಿಸಿ ಒಂದೊಂದಾಗಿ ಕೇಳುತ್ತ ಹೋದರು. ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವ ಸದ್ದಿಗೆ ಬೆದರುತ್ತದೆ, ಇನ್ನೊಂದು ಬೆಕ್ಕನ್ನು ಎಂದಾದರೂ ನೋಡಿದೆಯೆ? ಹೆಚ್ಚಿನವನ್ನು ಎಂಜಿನಿಯರರು ಹೆಂಡತಿಗೆ ಫೋನು ಮಾಡಿ ಕೇಳಿ ಹೇಳಬೇಕಾಯಿತು. ಕಚೇರಿಗಳಲ್ಲಿ ನಮ್ಮನ್ನು ಕಾಯಿಸಿ ಕಾಯಿಸಿ ಕಳಿಸುವ ಒಬ್ಬ ಅಧಿಕಾರಿ ಹೀಗೆ ಬೆವರುವುದನ್ನು ಕಂಡು ನನಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು.

ಕೊನೆಗೆ, ಇಲ್ಲಿ ಒಗ್ಗದಿದ್ದರೆ ವಾಪಸು ಒಯ್ಯುತ್ತೀರಾ ಎಂದು ಕೇಳಿದರು. ಎಂಜಿನಿಯರರು ಕೈಯಲ್ಲಿದ್ದ ಕಾರಿನ ಕೀಲಿಯನ್ನೇ ನೋಡುತ್ತ ಕೂತರು.

"ಆತು. ಹೋಗಿ ಬರ್ರಿ," ಎಂದು ಅವರನ್ನು ಬೀಳ್ಕೊಟ್ಟು ನನ್ನ ಕಡೆ ತಿರುಗಿದರು. "ನೀವು ಗೆದ್ರಿ ಅನ್ಕೋಬ್ಯಾಡ್ರಿ, ವಕೀಲಬಾಯಿ. ಹಿಂದಕ್ಕ ಹೋಗೂ ದಾರಿ ಮುಚ್ಚೇತಿ. ಇನ್ನ ನಮಗ ಅಂಜಿಕಿ ಶುರು."

ಅಂಜಿಕೆ ನಿಜವಾಗಿಯೂ ಶುರುವಾಯಿತು. ಹೊಸಾಕಿ ಎಂದು ಅವರೇ ಹೆಸರಿಟ್ಟ ಆ ಬೆಕ್ಕನ್ನು ಅಕ್ಕಿ ಚೀಲಗಳಿದ್ದ ಹಿಂದಿನ ಕೋಣೆಯಲ್ಲಿಟ್ಟು ಬಾಗಿಲು ಹಾಕಲಾಯಿತು. ಹಳೆಯ ಗೋಣಿಚೀಲವೊಂದನ್ನು ತುಂಡು ಮಾಡಿ, ಒಳಗಿನ ತುಂಡನ್ನು ಹೊರಗಿನ ಬೆಕ್ಕುಗಳಿಗೆ, ಹೊರಗಿನ ತುಂಡುಗಳನ್ನು ಒಳಗಿನದಕ್ಕೆ ಹಾಸುತ್ತಿದ್ದರು. ಮುಖ ನೋಡುವ ಮೊದಲು ಒಬ್ಬರ ವಾಸನೆ ಇನ್ನೊಬ್ಬರಿಗೆ ಹಳತಾಗಬೇಕೆಂಬುದು ಅವರ ಕ್ರಮ. ಊಟದ ಬಟ್ಟಲುಗಳನ್ನು ಬಾಗಿಲಿನ ಎರಡೂ ಬದಿಗೆ ದೂರದಲ್ಲಿಟ್ಟು, ದಿನವೂ ಒಂದಿಷ್ಟು ಹತ್ತಿರಕ್ಕೆ ಸರಿಸುತ್ತಿದ್ದರು. ಹಾಲಿನವನು, ಓಣಿಯ ಮಕ್ಕಳು, ನಾನು, ಯಾರೇ ಹೊಸ್ತಿಲು ದಾಟಿದರೂ ಈ ನಿಯಮಗಳನ್ನು ಹೇಳಿಯೇ ಒಳಗೆ ಬಿಡುತ್ತಿದ್ದರು.

ಕರಿಯ ಬಾಗಿಲ ಸಂದಿಗೆ ಮೂಗಿಟ್ಟು ಗುರುಗುಟ್ಟಿ ಸುಮ್ಮನಾಯಿತು. ಕುಂಟನಿಗೆ ಊಟದ ಹೊರತು ಬೇರೆ ಚಿಂತೆಯಿರಲಿಲ್ಲ. ಮುದುಕಿ ಮಾತ್ರ ಅನ್ನ ಬಿಟ್ಟಿತು. ಬಾಗಿಲಿನತ್ತ ಒಮ್ಮೆ ನೋಡಿ, ಹಿತ್ತಲಿನ ಗೋಡೆಯೇರಿ, ಗಿರಣಿಯ ಕಡೆಗೆ ಮುಖಮಾಡಿ ಕೂತುಬಿಡುತ್ತಿತ್ತು. ಅದರ ಬೆನ್ನೆಲುಬು ಎಣಿಸುವಂತಾಗತೊಡಗಿತು. ಶಿರಸ್ತೇದಾರರಿಗೂ ತುತ್ತು ಇಳಿಯುತ್ತಿರಲಿಲ್ಲ. ಮಾತಾಡುತ್ತ ಕೂತವರು ನಡುವೆಯೇ ಎದ್ದು ಹೋಗಿ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಒಬ್ಬಳನ್ನು ಉಳಿಸಲು ಹೋಗಿ ಇನ್ನೊಬ್ಬಳನ್ನು ಕಳೆದುಕೊಳ್ಳುತ್ತೇವೆಯೇ ಎಂಬ ಭಯವನ್ನು ನಾವಿಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಅವರಕ್ಕ ಆಡಿದರು: "ತನ್ನ ಬಿಪಿ ಗುಳಿಗಿ ಮರೀತಾನ, ಬೆಕ್ಕಿನ ಗಂಗಾಳ ಮರಿಯಂಗಿಲ್ಲ. ಇಂವಗ ಮೊದಲ ಆಗೂದೋ, ಆ ಮುದುಕಿಗಿ ಮೊದಲ ಆಗೂದೋ ನೋಡಬೇಕು."

ನನಗೆ ತಾಳ್ಮೆ ಕೆಟ್ಟಿತು. ಬಾಗಿಲು ತೆರೆದು ಒಮ್ಮೆ ಎದುರುಬದುರು ಮಾಡಿಬಿಡಿ, ಆಗುವುದು ಆಗಲಿ ಎಂದು ಒತ್ತಾಯಿಸಿದೆ. ಅವರು, ಕೋರ್ಟಿನಲ್ಲಿ ವಿಚಾರಣೆ ಮುಂದೂಡುವವರಂತೆ, ಇನ್ನೊಂದು ವಾಯಿದೆ ಕೊಡೋಣ ಎಂದರು. ಆ ಮಾತು ಕೇಳಿ ನನ್ನ ಮೈ ಉರಿಯಿತು. ವಾಯಿದೆಯ ಮೇಲೆ ವಾಯಿದೆ ಕೊಟ್ಟು ಈ ದೇಶದಲ್ಲಿ ಎಷ್ಟು ಜನರ ಆಯುಷ್ಯವನ್ನು ಕೋರ್ಟಿನ ಕಟ್ಟೆಯ ಮೇಲೆ ಸವೆಸಿದ್ದೀರಿ, ಅದೇ ಚಾಳಿಯನ್ನು ಮನೆಗೂ ತಂದಿದ್ದೀರಿ ಎಂದುಬಿಟ್ಟೆ. ಅವರು ಕೈಯ ಗೀರುಗಳನ್ನು ಸವರಿಕೊಂಡರು.

"ಖರೇ ಐತಿ," ಎಂದರು. "ಅಲ್ಲಿ ವಾಯಿದಾ ಸಿಗತಿದ್ದದ್ದು ದೊಡ್ಡವರ ಸಲುವಾಗಿ. ಬರದಾಂವ ನಾನ. ಇಲ್ಲಿ ಸಣ್ಣಾಕಿ ಸಲುವಾಗಿ ಕೊಡಾಕತ್ತೀನಿ. ಇದೊಂದರ ಕೊಡಗೊಡ್ರಿ."

ನಾನು ಮತ್ತೆ ಆ ಮಾತೆತ್ತಲಿಲ್ಲ. ಕೆಲವು ದಿನ ಕಳೆದ ಮೇಲೆ ಮುದುಕಿ ಹೊಸಾಕಿಯ ಗೋಣಿತುಂಡನ್ನು ಮೂಸಿ, ಎರಡು ಸುತ್ತು ತಿರುಗಿ, ಅದರ ಮೇಲೆಯೇ ಮಲಗಿತು. ಆ ಸಂಜೆ ಒಂದು ಬಟ್ಟಲು ಅನ್ನವನ್ನೂ ತಿಂದಿತು. ಶಿರಸ್ತೇದಾರರು ಎದುರುಮನೆಯಿಂದ ನನ್ನನ್ನು ಕೂಗಿ ಕರೆದು ಖಾಲಿ ಬಟ್ಟಲು ತೋರಿಸಿದರು.

ಇದಾಗಿ ಕೆಲವೇ ದಿನಕ್ಕೆ ಶ್ರಾವಣಕ್ಕೆ ಮೊದಲಿನ ಅಮಾವಾಸ್ಯೆಯ ಹಿಂದಿನ ದಿನ ಬಂತು. ನಮ್ಮ ಕಡೆ ಅಂದು ಮನೆಯಲ್ಲಿ ತೊಳೆಯದೆ ಉಳಿಯುವುದು ಗೋಡೆ ಮಾತ್ರ. ಮಧ್ಯಾಹ್ನ ನಾನು ಹೋದಾಗ ಓಣಿಗೇ ಫಿನೈಲಿನ, ಲೋಬಾನದ ಹೊಗೆಯ ವಾಸನೆ ಹಬ್ಬಿತ್ತು. ಸೋಡಾ ನೀರಿನಲ್ಲಿ ಕುದಿಸಿ ಒಗೆದ ಗೋಣಿತುಂಡುಗಳು, ಎಂಜಿನಿಯರರ ಮನೆಯ ಕಂಬಳಿ, ಎಲ್ಲವೂ ಹಿತ್ತಲಿನ ಗೋಡೆಯ ಮೇಲೆ ಸಾಲಾಗಿ ಒಣಗುತ್ತಿದ್ದವು. ನೆಲ ಆರಲೆಂದು ಹಿಂದಿನ ಕೋಣೆಯ ಬಾಗಿಲನ್ನು ಹಾರುಹೊಡೆಯಲಾಗಿತ್ತು. ಹೊಸಾಕಿ ಮಂಚದ ಕೆಳಗೆ ಮುದುಡಿಕೊಂಡಿತ್ತು. ಕಿವಿ ಸೀಳಿ ಬಿಳಿ ಕೂದಲೆಲ್ಲ ರಕ್ತವಾಗಿತ್ತು. ಹುಟ್ಟಿದಂದಿನಿಂದ ಒಟ್ಟಿಗಿದ್ದ ಕರಿಯ ಮತ್ತು ಕುಂಟ ಕೂಡ ಪರಸ್ಪರ ಗುರುತು ಸಿಗದೆ ಬೆನ್ನು ಬಿಲ್ಲಾಗಿಸಿ ನಿಂತಿದ್ದವು. ಇಷ್ಟು ದಿನ ಕೂಡಿಸಿದ ವಾಸನೆ ಹೊಗೆಯಲ್ಲಿ ಹೋಗಿತ್ತು. ಮುದುಕಿ ಎಲ್ಲೂ ಕಾಣಲಿಲ್ಲ.

ಹಾಲು ತರಲು ಹೋಗಿದ್ದ ಶಿರಸ್ತೇದಾರರು ಬಾಗಿಲಲ್ಲೇ ನಿಂತರು. ಅವರಕ್ಕ ಒದ್ದೆ ಕೈಯಲ್ಲಿ ಪೊರಕೆ ಹಿಡಿದು ಗೋಡೆಗೆ ಒರಗಿದ್ದರು. "ಅಮಾಸಿ ಐತಿ ಅಂತ ತೊಳದೆ. ಹೊಲಸು ಚೀಲ ದೇವರ ಮುಂದ ಯಾಕ ಅಂತ ಒಗದೆ. ನನಗ ಯಾರರ ಹೇಳಿದ್ರೇನು?"

ಅದು ನಿಜವಾಗಿತ್ತು. ಓಣಿಗೆಲ್ಲ ಸಾರಿದ ನಿಯಮವನ್ನು, ಆ ಮನೆಯ ನೆಲವನ್ನು ದಿನವೂ ಮುಟ್ಟುವ ಒಬ್ಬಾಕೆಗೆ ಮಾತ್ರ ಯಾರೂ ಹೇಳಿರಲಿಲ್ಲ. ಹೆಣ್ಣುಮಕ್ಕಳ ಕೆಲಸ ನಮ್ಮ ಮನೆಗಳಲ್ಲಿ ತಪ್ಪಾದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ನಾನು ಕಚೇರಿಗಳಲ್ಲಿ ಬಳಸುವ ದನಿಯಲ್ಲಿಯೇ ಶಿರಸ್ತೇದಾರರನ್ನು ಕೇಳಿದೆ: "ಹಾಲಿನವನಿಗೂ ಹೇಳೀರಿ. ಮನಿ ಸಾರಸೂ ಅಕ್ಕಗ ಹೇಳೀರೇನು? ಇದಕ್ಕ ಹೊಣಿ ಯಾರ್ರಿ?"

ಆ ಪ್ರಶ್ನೆಗೆ ಬರುವ ಉತ್ತರಗಳೆಲ್ಲ ನನಗೆ ಬಾಯಿಪಾಠ. ಮೇಲಿನವರು, ಕೆಳಗಿನವರು, ಹಿಂದಿನವರು, ಸಮಯ, ಸಂಪ್ರದಾಯ. ಇವುಗಳಲ್ಲೊಂದು ಬರಲೆಂದೇ, ಬಂದರೆ ಹರಿಹಾಯಲೆಂದೇ ನಿಂತಿದ್ದೆ.

ಅವರು ಹಾಲಿನ ಪಾತ್ರೆಯನ್ನು ಕೆಳಗಿಟ್ಟರು. "ನಾನು," ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಅಕ್ಕಾ, ನೀ ತೊಳದದ್ದು ತಪ್ಪಲ್ಲ. ನಿನಗ ಹೇಳಬೇಕಾಗಿತ್ತು, ಹೇಳಲಿಲ್ಲ. ತಪ್ಪು ನಂದು," ಎಂದರು.

ಆ ಹಿರಿಯ ಹೆಂಗಸಿಗೆ ಆ ಮಾತನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಪೊರಕೆಯನ್ನು ಮೂಲೆಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇರ್ಲಿ ಬಿಡೊ. ಮೊದಲ ಮುದುಕಿನ್ನ ಹುಡುಕೂಣು ನಡಿ," ಎಂದು ತಾವೇ ಮುಂದಾದರು. ಗಿರಣಿಯ ದಾರಿಯಲ್ಲಿ ನನಗಷ್ಟೇ ಕೇಳುವಂತೆ ಹೇಳಿದರು: "ತಪ್ಪು ನಂದು ಅಂತ ನಮ್ಮಪ್ಪ ಅಂದಿದ್ದಿಲ್ಲ, ನನ್ನ ಗಂಡ ಅಂದಿದ್ದಿಲ್ಲ. ಇಂವ ಅಂದ ನೋಡು."

ಗಿರಣಿಯ ಹಿತ್ತಲಲ್ಲಿ ಮನೆಯೆತ್ತರದ ಹೊಟ್ಟಿನ ರಾಶಿ. ಅದರ ಕೆಳಗೆ ನಾಯಿಗಳು, ತುದಿಯಲ್ಲಿ ಮುದುಕಿ. ಕಾವಲುಗಾರನು ನಾಯಿಗಳನ್ನು ಅಟ್ಟಿದ. ಆದರೆ ಯಾರು ಕರೆದರೂ ಮುದುಕಿ ಇಳಿಯಲಿಲ್ಲ. ಲೋಬಾನ ಅಡರಿದ ನಮ್ಮ ಮೈಯಲ್ಲಿ ಅದಕ್ಕೆ ಗೊತ್ತಿದ್ದ ಮನೆಯವರ ವಾಸನೆ ಇರಲಿಲ್ಲ. ಅಕ್ಕ ಮನೆ ತೊಳೆದು ಒದ್ದೆಯಾಗಿದ್ದ ಸೀರೆಯಲ್ಲಿಯೇ ರಾಶಿಯ ಬುಡದಲ್ಲಿ ಕೂತರು. ಶಿರಸ್ತೇದಾರರೂ ನಾನೂ ಕೂತೆವು. ಗಿರಣಿಯ ಕೊಳವೆಯಿಂದ ಸುರಿಯುವ ಹೊಟ್ಟಿನ ದೂಳು ತಲೆ, ಭುಜ, ಹುಬ್ಬುಗಳ ಮೇಲೆ ಕೂರುತ್ತ ಹೋಯಿತು. ನಾವು ಮೂವರೂ ಒಂದೇ ಬಣ್ಣವಾದ ಮೇಲೆ ಮುದುಕಿ ಒಂದೊಂದೇ ಹೆಜ್ಜೆ ಜಾರುತ್ತ ಕೆಳಗಿಳಿದು ಅಕ್ಕನ ಮಡಿಲಿಗೆ ಬಂತು.

ಅಕ್ಕ ಏಳುವ ಮೊದಲು ಸೆರಗಿನ ತುಂಬ ಹೊಟ್ಟು ತುಂಬಿಕೊಂಡರು. "ಎಲ್ಲಾರಿಗೂ ಒಂದ ವಾಸನಿ ಆಗ್ಲಿ," ಎಂದರು. ಬೆಳಗಿನಿಂದ ಸೊಂಟ ಬಗ್ಗಿಸಿ ತೊಳೆದ ಮನೆಯ ಒಳಗೂ ಹೊರಗೂ, ಅಮಾವಾಸ್ಯೆಯ ಹಿಂದಿನ ಸಂಜೆ, ಅವರೇ ಕೈಯಾರೆ ಹೊಟ್ಟು ಎರಚಿದರು. ಹೊಸಾಕಿಯ ಕಿವಿಗೆ ಅರಿಶಿನ ಹಚ್ಚಿ ಮತ್ತೆ ಬಾಗಿಲು ಹಾಕಲಾಯಿತು. ಎಲ್ಲವೂ ಮೊದಲಿನಿಂದ. ಈ ಸಲ ವಾಯಿದೆ ಕೊಡುವ ಅಧಿಕಾರ ಅಕ್ಕನದು.

ಶ್ರಾವಣ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಅಕ್ಕ ಬಾಗಿಲನ್ನು ಪೂರ್ತಿ ತೆರೆದರು. ಶಿರಸ್ತೇದಾರರು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಹೊಸ್ತಿಲಿನ ಆಚೆ ಒಂದು ಬಟ್ಟಲು, ಈಚೆ ಮೂರು. ಮುದುಕಿ ತಲೆಯೆತ್ತಿ ನೋಡಿತು. ಹೊಸಾಕಿ ಉಸಿರು ಬಿಗಿಹಿಡಿದಂತೆ ನಿಂತಿತು. ಆಮೇಲೆ ಮುದುಕಿ ತಲೆ ಬಗ್ಗಿಸಿ ತಿನ್ನತೊಡಗಿತು. ಅವೆರಡೂ ಕೊನೆಯವರೆಗೂ ಗೆಳತಿಯರಾಗಲಿಲ್ಲ. ಬದುವಿನ ಮಾತು ತೆಗೆಯದೆ ಬದುಕುವ ಅಕ್ಕಪಕ್ಕದ ಹೊಲದವರಂತೆ ಒಂದು ಮೊಳ ಅಂತರದಲ್ಲಿ ಮಲಗುತ್ತಿದ್ದವು. ಅಷ್ಟು ಸಾಕಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಶಿರಸ್ತೇದಾರರು ಎದೆನೋವಿನಿಂದ ಕೊಪ್ಪಳದ ಆಸ್ಪತ್ರೆಯಲ್ಲಿ ತೀರಿಕೊಂಡರು. ದಿನಕರ್ಮಕ್ಕೆ ಬಂದ ನೆಂಟರು ಬೆಕ್ಕುಗಳನ್ನು ಗಿರಣಿಗೆ ಬಿಟ್ಟುಬರುವ ಮಾತಾಡಿದಾಗ ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದರು: "ಅವು ಎಲ್ಲೂ ಹೋಗಂಗಿಲ್ಲ. ನೀವು ಉಂಡು ಹೋಗಿ ಬರ್ರಿ."

ನಾನು ಈಗಲೂ ಕಚೇರಿಗಳ ಮುಂದೆ ನಿಂತು ಅದೇ ಪ್ರಶ್ನೆ ಕೇಳುತ್ತೇನೆ. ಹೊಣೆಯನ್ನು ಮೇಲಕ್ಕೂ ಕೆಳಕ್ಕೂ ತಳ್ಳುವ ಮಾತುಗಳನ್ನು ಬರೆದುಕೊಂಡು ಮರಳುತ್ತೇನೆ. ಅಂಥ ಪ್ರಶ್ನೆಗೆ ನೇರ ಉತ್ತರ ಯಾರೂ ಕೊಡುವುದಿಲ್ಲ, ಸುಮ್ಮನೆ ಯಾಕೆ ಗಂಟಲು ಹರಿದುಕೊಳ್ಳುತ್ತೀ ಎಂದು ಜೊತೆಯವರು ನಗುತ್ತಾರೆ. ಆದರೆ ಒಬ್ಬರು ಕೊಟ್ಟಿದ್ದಾರೆ. ಹಾಲಿನ ಪಾತ್ರೆ ಕೆಳಗಿಟ್ಟು, ಒಂದೇ ಶಬ್ದದಲ್ಲಿ. ನಾನು ಅಲ್ಲೇ ನಿಂತು ಕಿವಿಯಾರೆ ಕೇಳಿದ್ದೇನೆ. ಆದ್ದರಿಂದ ಕೇಳುವುದನ್ನು ಬಿಡಲಾರೆ.