ಐರಿಸ್ ಆಂಟಿಯ ಗುಂಡುಸೂಜಿಗಳು

ಮಗಳ ಶಾಲೆಯ ಪ್ರಾಜೆಕ್ಟಿಗೆ ಗುಂಡುಸೂಜಿ ಬೇಕಿತ್ತು. ದೋಹಾದ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಕಟ್ಟಡದ ಕೆಳಗೇ ಇರುವ ಸ್ಟೇಷನರಿ ಅಂಗಡಿಯಲ್ಲಿ ಅವಳು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸಾಸಿವೆಯನ್ನು ಸ್ಟೀಲ್ ಡಬ್ಬಿಗೆ ಸುರಿದಂಥ ಸದ್ದು. ನನ್ನ ಕಿವಿ ಬಿಸಿಯಾಯಿತು.

"ಅಮ್ಮ, ನಿಮ್ಮ ಫೇಸ್ ಯಾಕೆ ಹಾಗೆ ಆಯ್ತು?" ಎಂದಳು ಮಗಳು.

ಗುಂಡುಸೂಜಿ ಕಂಡರೆ ನಾಚುವ ಹೆಂಗಸು ಇಡೀ ಕತಾರಿನಲ್ಲಿ ನಾನೊಬ್ಬಳೇ ಇರಬೇಕು. ಅವಳಿಗೆ ಅಂಗಡಿಯಲ್ಲಿ ನಿಂತು ಹೇಳುವ ವಿಷಯವಲ್ಲ. ನಿಮಗೆ ಹೇಳುತ್ತೇನೆ, ನೀವು ನನ್ನನ್ನು ಕಂಡವರಲ್ಲ, ಆದ್ದರಿಂದ ಸ್ವಲ್ಪ ಸುಲಭ.

ನಮ್ಮ ಮೇಲಿನ ಮಹಡಿಯಲ್ಲಿ ಐರಿಸ್ ಆಂಟಿ ಇದ್ದಾರೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಗಳ ಜೊತೆ ವಾಸ. ಹುಟ್ಟಿದ್ದು ಬಾರ್ಬಡೋಸಿನಲ್ಲಿ, ದುಡಿದದ್ದು ಲಂಡನ್ನಿನಲ್ಲಿ. ಎತ್ತರದ ಕಪ್ಪು ಹೆಂಗಸು, ಕೂದಲು ಬೆಳ್ಳಗೆ, ಕಣ್ಣು ಮಂಜಾಗಿದ್ದರೂ ಲಿಫ್ಟಿನಲ್ಲಿ ನನ್ನ ಬಳೆಯ ಸದ್ದಿಗೇ ಗುರುತು ಹಿಡಿಯುತ್ತಾರೆ. ನಾನು ನೀರುದೋಸೆ ಕೊಟ್ಟರೆ ತಟ್ಟೆ ಖಾಲಿ ವಾಪಸ್ಸು ಬರುವುದಿಲ್ಲ, ಜೊತೆಗೆ ಒಂದು ಜಾಮ್ ಬಾಟಲಿಯಲ್ಲಿ ಮೆಣಸಿನ ಗೊಜ್ಜು ಬರುತ್ತದೆ. ನಮ್ಮ ಯಜಮಾನರು ಒಮ್ಮೆ ಅದನ್ನು ಚಟ್ನಿಯೆಂದು ತಿಳಿದು ಚಮಚದಲ್ಲಿ ತಿಂದು, ಆಮೇಲೆ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ನಿಂತದ್ದುಂಟು. ಆಂಟಿ ಮಾತಾಡುವುದು ಇಂಗ್ಲಿಷೇ. ಆದರೆ ಸಾಲಿನ ಕೊನೆಯನ್ನು ಅವರು ಎಳೆಯುವ ರೀತಿ ನನ್ನ ಕಿವಿಗೆ ನಮ್ಮ ಉಡುಪಿಯ ಕಡೆಯ ಮಾತಿನಂತೆಯೇ ಕೇಳುತ್ತದೆ. ಹಾಗಾಗಿ ಹಾಗೇ ಬರೆಯುತ್ತೇನೆ.

ಲಂಡನ್ನಿನಲ್ಲಿ ಅವರು ಒಂದು ಪುಸ್ತಕ ಪ್ರಕಾಶನದಲ್ಲಿ ಟೈಪಿಸ್ಟ್ ಆಗಿದ್ದರು. ಆಫ್ರಿಕಾದವರು, ಕೆರಿಬಿಯನ್ ದ್ವೀಪಗಳವರು ಬರೆದ ಕಥೆ ಕಾದಂಬರಿಗಳನ್ನು ಕಡಿಮೆ ಬೆಲೆಯ ಕಾಗದದ ರಟ್ಟಿನಲ್ಲಿ ಹೊರತರುವ ಒಂದು ಮಾಲೆ ಅಲ್ಲಿತ್ತು. ಒಂದು ದಿನ ಸಂಪಾದಕರು ಯಾವುದೋ ಹಸ್ತಪ್ರತಿಗೆ 'ಬೇಡ' ಎಂಬ ಪತ್ರವನ್ನು ಟೈಪ್ ಮಾಡಲು ಕೊಟ್ಟರಂತೆ. ಆಂಟಿ ಟೈಪ್ ಮಾಡಲಿಲ್ಲ.

"ಎಂತಕ್ಕೆ ಮಾಡಲಿಲ್ಲ ಅಂತ ಕೇಳಿದ್ರು. ಇದನ್ನು ಬೇಡ ಅಂದ್ರೆ ನಿಮಗೆ ಓದ್ಲಿಕ್ಕೆ ಬರುವುದಿಲ್ಲ ಅಂತ ಅರ್ಥ ಅಂದೆ ಮಗಳೇ. ಕೆಲಸ ಹೋಯ್ತು ಅಂತಲೇ ಅಂದುಕೊಂಡೆ."

ಕೆಲಸ ಹೋಗಲಿಲ್ಲ, ಹೆಚ್ಚಾಯಿತು. ಅಂದಿನಿಂದ ಹಸ್ತಪ್ರತಿಗಳು ಅವರ ಕೈಚೀಲದಲ್ಲಿ ಮನೆಗೆ ಬರತೊಡಗಿದವು. ಒಂದೊಂದನ್ನೂ ಓದಿ, ತೆಗೆದುಕೊಳ್ಳಬೇಕೋ ಬೇಡವೋ, ಯಾಕೆ ಎಂದು ಒಂದು ಅಭಿಪ್ರಾಯ ಟೈಪ್ ಮಾಡಿ ಕೊಡುವುದು. ಸಂಬಳ ಮಾತ್ರ ಟೈಪಿಸ್ಟಿನದ್ದೇ. ಅಭಿಪ್ರಾಯದ ಕೆಳಗೆ ಯಾರೂ ಹೆಸರು ಹಾಕಬಾರದೆಂಬುದು ಅಲ್ಲಿನ ಪದ್ಧತಿ. ಹೊರಗಿನ ಪ್ರೊಫೆಸರುಗಳು ಬರೆದುಕೊಟ್ಟದ್ದಕ್ಕೂ ಇಲ್ಲ, ಐರಿಸ್ ಆಂಟಿಯದ್ದಕ್ಕೂ ಇಲ್ಲ. ಮುಂದೆ ಕಂಪೆನಿ ಮಾರಾಟವಾಗಿ ಆಫೀಸು ಖಾಲಿ ಮಾಡುವಾಗ ಆ ಕಾಗದಗಳು ಕಸಕ್ಕೆ ಹೋಗುವುದರಲ್ಲಿದ್ದವು. ಇವರು ಕೈಗೆ ಸಿಕ್ಕಷ್ಟನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಸಿಕೊಂಡು ಬಂದರು. ಮಗಳು ದೋಹಾಕ್ಕೆ ಬಂದಾಗ ಪೆಟ್ಟಿಗೆಗಳೂ ಬಂದವು.

ಈಗ ಇಂಗ್ಲೆಂಡಿನ ಒಂದು ಲೈಬ್ರರಿ ಆ ಮಾಲೆಯ ದಾಖಲೆಗಳನ್ನೆಲ್ಲ ಒಂದು ಕಡೆ ಸೇರಿಸುತ್ತಿದೆ. ಆಫೀಸಿನೊಳಗೇ ಒಳ್ಳೆಯ ಓದುಗರೊಬ್ಬರು ಇದ್ದಂತಿದೆ ಎಂದು ಅವರಿಗೆ ಅನ್ನಿಸಿತ್ತು, ಯಾರೆಂದು ತಿಳಿದಿರಲಿಲ್ಲ. ಯಾವ ಅಭಿಪ್ರಾಯಗಳು ನಿಮ್ಮವೆಂದು ತೋರಿಸಿದರೆ ನಿಮ್ಮ ಹೆಸರನ್ನು ದಾಖಲೆಪಟ್ಟಿಗೆ ಸೇರಿಸುತ್ತೇವೆ ಎಂದು ಅಲ್ಲಿನವರು ಆಂಟಿಗೆ ಹೇಳಿದ್ದರು.

"ಪುಸ್ತಕದ ಮೇಲೆ ಹೆಸರು ಬೇಡ. ಅದು ಬರೆದವರದ್ದು. ಓದಿದವಳು ಒಬ್ಬಳು ಇದ್ದಳು ಅಂತ ಎಲ್ಲಾದರೂ ಇದ್ದರೆ ಸಾಕು" ಎಂದು ಆಂಟಿ ನನ್ನ ಹತ್ತಿರ ಅಂದಿದ್ದರು.

ಅಷ್ಟರಲ್ಲಿ ಎಸಿಯ ನೀರು ಸೋರಿ ಪೆಟ್ಟಿಗೆಗಳ ತಳ ಒದ್ದೆಯಾಯಿತು. ಅವರ ಮಗಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಆಂಟಿ ನನ್ನನ್ನು ಕರೆದು, "ಹೊಸ ಡಬ್ಬಕ್ಕೆ ಹಾಕಿಕೊಡ್ತೀಯಾ? ಇದ್ದದ್ದನ್ನು ಇದ್ದ ಹಾಗೇ ಎತ್ತಿಟ್ಟರೆ ಸಾಕು" ಎಂದರು.

ಇದ್ದ ಹಾಗೇ! ಕಾನ್ವೆಂಟಿನಲ್ಲಿ ಕಲಿತವಳಿಗೆ ಹೇಳುವ ಮಾತೇ ಅದು? ನಮ್ಮ ಸಿಸ್ಟರ್ ಶನಿವಾರ ಶನಿವಾರ ಡೆಸ್ಕಿನ ಮುಚ್ಚಳ ಎತ್ತಿ ನೋಡುತ್ತಿದ್ದರು. ದೊಡ್ಡ ಪುಸ್ತಕ ಕೆಳಗೆ, ಸಣ್ಣದು ಮೇಲೆ, ಸ್ಕೇಲು ಬಲಕ್ಕೆ. ಗಣಿತದಲ್ಲಿ ನನಗೆ ಬಹುಮಾನ ಬಂದದ್ದಿಲ್ಲ, ಅಚ್ಚುಕಟ್ಟಿಗೆ ಬಂದಿದೆ. ಆ ಬಹುಮಾನದ ಜೋರಿನಲ್ಲೇ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಇಲ್ಲಿ ಗೋಡೆ ಬಾಡಿಗೆಯದ್ದು, ಸೋಫಾ ಮನೆ ಮಾಲೀಕರದ್ದು, ನಮ್ಮ ಇರುವಿಕೆಯೂ ವೀಸಾ ಹೇಳಿದಷ್ಟು ದಿನದ್ದು. ನಮ್ಮದೆಂದು ಜೋಡಿಸಲು ಸಿಗುವುದು ಕಪಾಟಿನ ಒಳಭಾಗ ಮಾತ್ರ. ಹಾಗಾಗಿ ನನ್ನ ಕಪಾಟನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ತೆರೆದು ನೋಡಬಹುದು.

ಆ ಪೆಟ್ಟಿಗೆಗಳನ್ನು ತೆರೆದಾಗ ನನಗೆ ಕಂಡದ್ದು ಬರೀ ತುಕ್ಕು. ಕಾಗದ ಕಾಗದಕ್ಕೂ ಗುಂಡುಸೂಜಿ. ಟೈಪ್ ಮಾಡಿದ ಹಾಳೆಯ ಮೇಲೆ ಅಂಗೈಯಗಲದ ಚೀಟಿ, ಅದರ ಹಿಂದೆ ಪತ್ರ, ಪತ್ರದ ಹಿಂದೆ ಬಿಲ್ಲು. ಏನಿದು ಅಧ್ವಾನ ಎಂದುಕೊಂಡು ಒಂದೊಂದೇ ಸೂಜಿ ಕಿತ್ತೆ. ಪತ್ರಗಳೆಲ್ಲ ಒಂದು ಡಬ್ಬಕ್ಕೆ, ಅಭಿಪ್ರಾಯಗಳೆಲ್ಲ ಇನ್ನೊಂದಕ್ಕೆ, ಬಿಲ್ಲುಗಳು ಮತ್ತೊಂದಕ್ಕೆ. ಚೀಟಿಗಳನ್ನು ಒಟ್ಟು ಮಾಡಿ ಪ್ಲಾಸ್ಟಿಕ್ ಕವರಿಗೆ ಹಾಕಿದೆ. ಪ್ರತಿ ಡಬ್ಬಕ್ಕೂ ದುಂಡಗಿನ ಅಕ್ಷರದಲ್ಲಿ ಲೇಬಲ್. ಮೂಲೆಗೆ ನುಸಿಗುಳಿಗೆ. ಸೂಜಿಗಳನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿ, ಕೈಗೆ ಚುಚ್ಚಿದ್ದಕ್ಕೆ ಟಿಟಿ ಇಂಜೆಕ್ಷನ್ ಬೇಕಾ ಎಂದು ಯಜಮಾನರನ್ನು ಕೇಳಿದೆ.

"ಲುಸೈಲಿನ ನಮ್ಮ ಆಫೀಸಿಗೂ ಒಮ್ಮೆ ಬಾ ಮಾರಾಯ್ತಿ, ಅಲ್ಲಿಯೂ ಫೈಲು ರಾಶಿ ಬಿದ್ದುಂಟು" ಎಂದು ಅವರು ನಕ್ಕರು. ನನಗೆ ಹೆಮ್ಮೆಯೇ ಆಯಿತು.

ಲೈಬ್ರರಿಯ ಹುಡುಗಿ ವೀಡಿಯೋ ಕಾಲಿನಲ್ಲಿ ಬಂದ ದಿನ ಲ್ಯಾಪ್‌ಟಾಪ್ ಹಿಡಿಯಲು, ಡಬ್ಬ ತೆರೆಯಲು ನಾನೇ ಹೋಗಿದ್ದೆ. ಆಂಟಿ ಮುತ್ತಿನ ಸರ ಹಾಕಿಕೊಂಡು ಕೂತಿದ್ದರು. ನಾನು ಪರದೆಯ ಆಚೆ, ಆ ಹುಡುಗಿಗೆ ಕಾಣದ ಹಾಗೆ. ಮೇಲಿನ ಹಾಳೆ ಎತ್ತಿ ಆಂಟಿಯ ಕೈಗೆ ಕೊಟ್ಟೆ. ಅವರ ಹೆಬ್ಬೆರಳು ಸೀದಾ ಎಡಗಡೆಯ ಮೂಲೆಗೆ ಹೋಯಿತು. ಅಲ್ಲಿ ಸವರಿತು. ಮತ್ತೆ ಸವರಿತು.

"ಪಿನ್ನು ಎಲ್ಲಿ?" ಎಂದರು ನನಗೆ ಮಾತ್ರ ಕೇಳುವಷ್ಟು ಸಣ್ಣಗೆ.

"ಎಲ್ಲ ತೆಗೆದೆ ಆಂಟಿ. ತುಕ್ಕು ಹಿಡಿದಿತ್ತಲ್ಲ."

ನಾನು ಬೇರೆ ಮಾಡಿ ಕವರಿಗೆ ಹಾಕಿದ ಆ ಚೀಟಿಗಳು ಸಂಪಾದಕರ ಕೈಬರಹದವು: 'ಐರಿಸ್, ಈ ಸಲವೂ ನೀವೇ ಸರಿ, ತೆಗೆದುಕೊಳ್ಳೋಣ' ಎಂಬಂಥವು. ಯಾವ ಚೀಟಿ ಯಾವ ಅಭಿಪ್ರಾಯದ ಮೇಲಿತ್ತೋ ಆ ಅಭಿಪ್ರಾಯ ಅವರದ್ದು. ಅವರಿಗಿದ್ದ ಆಧಾರ ಅಷ್ಟೇ. ಅದನ್ನು ಹಿಡಿದುಕೊಂಡಿದ್ದದ್ದು ನಾನು ಕಿತ್ತೆಸೆದ ಸೂಜಿ.

ಆ ಕಡೆಯಿಂದ ಹುಡುಗಿ ಕೇಳಿದಳು, "ಕಾಗದಗಳು ಬಿಡಿಬಿಡಿಯಾಗಿವೆಯಲ್ಲ, ಮೊದಲಿಂದಲೂ ಹೀಗೇ ಇದ್ದವಾ?"

ಆಂಟಿ ನನ್ನ ಕಡೆ ತಿರುಗಲೇ ಇಲ್ಲ. "ಇಲ್ಲಮ್ಮ, ನಾನೇ ಬಿಚ್ಚಿದೆ. ವಯಸ್ಸಾಯ್ತು ನೋಡು, ಬುದ್ಧಿ ನಿಲ್ಲುವುದಿಲ್ಲ."

ಸೂಜಿ ಕಿತ್ತದ್ದು ತಿಳಿಯದೆ ಆದದ್ದು ಎಂದಾದರೂ ಹೇಳಿಕೊಳ್ಳಬಹುದು. ಆದರೆ ಆಗ, ಲ್ಯಾಪ್‌ಟಾಪಿನ ಹಿಂದೆ ನಿಂತುಕೊಂಡು, ಅಲ್ಲ ನಾನು ಎಂದು ಒಂದು ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ಪರದೆಯಲ್ಲಿ ಕಾಣದಂತೆ ಸೆರಗನ್ನೂ ಒಳಗೆ ಎಳೆದುಕೊಂಡೆ. ಆ ಎಳೆದುಕೊಂಡದ್ದು ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಆಯ್ತಲ್ಲ, ಖಲಾಸ್, ಅವರೇ ಬಿಟ್ಟುಬಿಟ್ರು. ಇನ್ನು ನೀನು ಎಂತಕ್ಕೆ ಎಳೀತೀಯಾ?" ಎಂದರು.

ಮರುದಿನ ಮೇಲೆ ಹೋದೆ. ಬಾಗಿಲಲ್ಲೇ ನಿಂತು ತಪ್ಪಾಯಿತು ಎಂದೆ. "ಒಳಗೆ ಬಾ, ಎಸಿ ಹೊರಗೆ ಹೋಗ್ತದೆ" ಎಂದರು ಆಂಟಿ. ಅಷ್ಟೇ.

ಯಾವುದು ಯಾರದ್ದೆಂದು ಹುಡುಕಲು ಇಬ್ಬರೂ ಕೂತೆವು. ಒಂದೊಂದೇ ಅಭಿಪ್ರಾಯವನ್ನು ನಾನು ಗಟ್ಟಿಯಾಗಿ ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. 'ಇಂಗ್ಲೆಂಡಿನ ಓದುಗರಿಗೆ ಇದು ರುಚಿಸಲಾರದು' ಎಂದು ಶುರುವಾದರೆ, "ಅದು ಪ್ರೊಫೆಸರ್. ಅವರಿಗೆ ರುಚಿಸದ್ದೆಲ್ಲ ಇಡೀ ಇಂಗ್ಲೆಂಡಿಗೆ ರುಚಿಸ್ತಿರಲಿಲ್ಲ" ಎನ್ನುವರು. 'ಈ ಕಥೆಯ ಅಜ್ಜಿಯ ಮಾತನ್ನು ಒಂದಕ್ಷರವೂ ಕತ್ತರಿಸಬೇಡಿ' ಎಂದು ಓದಿದರೆ ಮುಂದಿನ ಸಾಲನ್ನು ಅವರೇ ಬಾಯಿಪಾಠ ಹೇಳುವರು. ಆದರೆ ಬಾಯಿಪಾಠ ಪುರಾವೆಯಾಗುವುದಿಲ್ಲವಲ್ಲ.

ಪುರಾವೆ ಸಿಕ್ಕಿದ್ದು ತುಕ್ಕಿನಲ್ಲಿ. ಸೀರೆಗೆ ಪಿನ್ನಿನ ಕಲೆ ಹತ್ತಿದರೆ ನಿಂಬೆಹಣ್ಣು ಉಪ್ಪು ಹಾಕಿ ತಿಕ್ಕುವವಳು ನಾನು. ಆ ಕಂದು ಗೆರೆಯ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ಹಾಳೆಯ ಮೂಲೆಯಲ್ಲಿ ಎರಡು ತೂತು, ನಡುವೆ ತುಕ್ಕಿನ ಗೆರೆ. ಚೀಟಿಯಲ್ಲಿಯೂ ಹಾಗೇ. ಒಂದರ ಗೆರೆ ಓರೆ, ಇನ್ನೊಂದರದ್ದು ನೇರ, ಮತ್ತೊಂದರದ್ದು ಗಿಡ್ಡ. ಚೀಟಿಯನ್ನು ಹಾಳೆಯ ಮೇಲಿಟ್ಟು ಕಿಟಕಿಗೆ ಹಿಡಿದೆ. ಈ ದೇಶದಲ್ಲಿ ಬಿಸಿಲಿಗೇನು ಬರವಿಲ್ಲ. ತೂತಿನ ಮೇಲೆ ತೂತು ಕೂತು ಬೆಳಕು ಬಂತು. ಅಡುಗೆ ಮುಗಿಸಿ ದಿನಾ ಹೋಗಿ ಕೂತು, ಕೂಡಿದ್ದನ್ನೆಲ್ಲ ಕೂಡಿಸಿದೆ. ತುಕ್ಕು ಹಿಡಿಯದ ಸೂಜಿಯಿದ್ದ ಕೆಲವು ಮಾತ್ರ ಕೊನೆಗೂ ಕೂಡಲಿಲ್ಲ. ಆ ಚೀಟಿಗಳು ಇಂದಿಗೂ ಒಂಟಿ.

ಎರಡನೆಯ ಸಲ ಆ ಹುಡುಗಿ ಪರದೆಯಲ್ಲಿ ಬಂದಾಗ ಎಲ್ಲವನ್ನೂ ತೋರಿಸಿದೆವು. ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ಸಂಕೋಚದಿಂದ, "ತೂತು ಕೂಡುವುದು ಕಾಣುತ್ತದೆ. ಆದರೆ ಬಿಚ್ಚಿದವರೂ ನೀವೇ, ಜೋಡಿಸಿದವರೂ ನೀವೇ, ಹೆಸರು ಬೇಕೆಂದು ಕೇಳುವವರೂ ನೀವೇ ಆದರೆ ನನ್ನ ಮೇಲಿನವರು ಒಪ್ಪುವುದು ಕಷ್ಟ" ಎಂದಳು.

ನನ್ನನ್ನು ಕಾಪಾಡಲು ಹೇಳಿದ ಸುಳ್ಳು ಈಗ ಆಂಟಿಯ ಕುತ್ತಿಗೆಗೇ ಬಂದಿತ್ತು. ನಾನು ಲ್ಯಾಪ್‌ಟಾಪಿನ ಹಿಂದಿನಿಂದ ಹೊರಟೆ. ಆಂಟಿ ಮೇಜಿನ ಕೆಳಗಿಂದ ನನ್ನ ಕೈ ಹಿಡಿದು, "ಬೇಡ ಮಗಳೇ, ಕೂತ್ಕೋ" ಎಂದರು. ಕೂರಲಿಲ್ಲ. ಪರದೆಯ ಮುಂದೆ ಬಗ್ಗಿದೆ. ಮೂಲೆಯ ಚಿಕ್ಕ ಚೌಕದಲ್ಲಿ ನನ್ನ ಮುಖ ನನಗೇ ಕಂಡಿತು, ಹಣೆಯ ಬೊಟ್ಟು ಓರೆಯಾಗಿತ್ತು.

"ಬಿಚ್ಚಿದ್ದು ನಾನು. ಕೆಳಗಿನ ಮನೆಯವಳು. ಯಾರೂ ಹೇಳಿರಲಿಲ್ಲ, ನಾನೇ ಮಾಡಿದೆ. ಆವತ್ತು ಇವರು ಹೇಳುವಾಗಲೂ ನಾನು ಇಲ್ಲೇ ನಿಂತಿದ್ದೆ" ಎಂದೆ. ಕಾನ್ವೆಂಟಿನ ಇಂಗ್ಲಿಷ್ ಅಷ್ಟರಲ್ಲೇ ಮುಗಿದುಹೋಯಿತು.

ಹುಡುಗಿ ಬೈಯಲಿಲ್ಲ. ಬಿಚ್ಚಿದ್ದು ಹೇಗೆ, ಜೋಡಿಸಿದ್ದು ಹೇಗೆ ಎಂದು ಬರೆದುಕೊಡುತ್ತೀರಾ ಎಂದಳು. ಅದು ಆ ಕಾಗದಗಳ ಜೊತೆ ಯಾವಾಗಲೂ ಇರುತ್ತದೆ, ಯಾರು ಬೇಕಾದರೂ ಓದಬಹುದು. 'ನೆರೆಮನೆಯವರು' ಎಂದಷ್ಟೇ ಹಾಕಬಹುದು, ಆದರೆ ಹೆಸರಿದ್ದರೆ ಮಾತಿಗೆ ತೂಕ ಎಂದಳು.

"ಹೆಸರು ಗಿಸರು ಕೊಡಬೇಡ ಮಾರಾಯ್ತಿ, ವೀಸಾದ ಮೇಲೆ ಇರುವವರು ನಾವು" ಎಂದರು ಯಜಮಾನರು. ಗುಂಡುಸೂಜಿಗೆ ಯಾವ ದೇಶದಲ್ಲಿ ವೀಸಾ ರದ್ದು ಮಾಡುತ್ತಾರೋ ನನಗೆ ತಿಳಿಯದು. ಆದರೂ ಎರಡು ದಿನ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಮದುವೆಯ ಕಾಗದ ಬಿಟ್ಟರೆ ಎಲ್ಲಿಯೂ ಅಚ್ಚಾಗದ ಹೆಸರು, ಅಚ್ಚಾಗುವುದಿದ್ದರೆ ಇದಕ್ಕೇ ಆಗಬೇಕೇ? ಕೊನೆಗೆ ಅಪ್ಪನ ಇನಿಷಿಯಲ್ ಸಮೇತ ಬರೆದು ಕಳಿಸಿದೆ.

ಮಗಳ ಪ್ರಾಜೆಕ್ಟಿಗೆ ಗುಂಡುಸೂಜಿಯ ಡಬ್ಬಿ ಕೊಂಡು ಮನೆಗೆ ಬಂದ ದಿನವೇ, ಸಂಜೆ, ಆ ದಾಖಲೆಪಟ್ಟಿ ಲೈಬ್ರರಿಯ ವೆಬ್‌ಸೈಟಿನಲ್ಲಿ ಬಂತು. ಫೋನು ಹಿಡಿದುಕೊಂಡು ಮೇಲೆ ಓಡಿದೆ. ಮಾಲೆಯ ಓದುಗರು ಎಂಬಲ್ಲಿ ಐರಿಸ್ ಆಂಟಿಯ ಪೂರ್ತಿ ಹೆಸರಿತ್ತು. ಇನ್ನೊಮ್ಮೆ ಓದು ಎಂದರು. ಓದಿದೆ.

"ಈಗ ಕೆಳಗಿನದ್ದು ಓದು."

ಕೆಳಗೆ ಸಣ್ಣ ಅಕ್ಷರದಲ್ಲಿ, ಮೂಲ ಜೋಡಣೆಯನ್ನು ದೋಹಾದಲ್ಲಿ ಕೆಡಿಸಿದವರು, ತುಕ್ಕಿನ ಗುರುತಿನಿಂದ ಬಹುಪಾಲು ಮರಳಿ ಜೋಡಿಸಿದವರು ಇಂಥವರು ಎಂದು ನನ್ನ ಹೆಸರು. ದನಿ ಸಣ್ಣದಾಗಿಬಿಟ್ಟಿತು.

"ಗಟ್ಟಿಯಾಗಿ ಓದು, ನನಗೆ ಕಿವಿ ಮಾತ್ರ ಉಳಿದಿರುವುದು" ಎಂದರು. ಗಟ್ಟಿಯಾಗಿ ಓದಿದೆ. "ಒಂದೇ ಪುಟದಲ್ಲಿ ಕೂರಿಸಿದ್ದಾರೆ ನಮ್ಮನ್ನು" ಎಂದು ಅವರು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ, ಆದರೆ ಎದ್ದು ಹೋಗಬೇಕೆಂದೂ ಅನ್ನಿಸಲಿಲ್ಲ.

ಕೆಳಗೆ ಬಂದರೆ ಯಜಮಾನರು ಉಡುಪಿಗೆ ಫೋನ್ ಮಾಡಿ ಅವರ ಅಮ್ಮನ ಹತ್ತಿರ ಮಾತಾಡುತ್ತಿದ್ದರು. "ಹೌದಮ್ಮ, ನಿಮ್ಮ ಸೊಸೆಯ ಹೆಸರು ಇಂಗ್ಲೆಂಡಿನ ಲೈಬ್ರರಿಯಲ್ಲಿ ಬಂದಿದೆ!" ಯಾಕೆ ಬಂದದ್ದೆಂದು ಹೇಳುವ ಇರಾದೆ ಅವರಿಗಿರಲಿಲ್ಲ. ಫೋನಿನ ಆ ಕಡೆ ಅತ್ತೆಯ ಸಂಭ್ರಮ ನನಗೆ ಅಡುಗೆಮನೆಯ ಬಾಗಿಲಿಗೇ ಕೇಳುತ್ತಿತ್ತು. ನಾಳೆ ಬೆಳಗ್ಗೆ ಹಾಲಿನವನಿಂದ ಹಿಡಿದು ಮಹಿಳಾ ಮಂಡಳಿಯವರೆಗೆ ಸುದ್ದಿ ಹೋಗುವುದು ಖಂಡಿತ.

ಕೈ ಚಾಚಿ ಫೋನು ತೆಗೆದುಕೊಂಡೆ. ಯಜಮಾನರು ಬೇಡ ಬೇಡ ಎಂದು ಕೈಸನ್ನೆ ಮಾಡಿದರು.

"ಅತ್ತೆ, ಅದು ಬಹುಮಾನ ಅಲ್ಲ. ಒಬ್ಬರ ಕಾಗದಪತ್ರ ನಾನು ಹಾಳು ಮಾಡಿದ್ದೆ. ಅದನ್ನು ಬರೆದಿದ್ದಾರೆ."

"ಹಾಳು ಮಾಡಿದ್ದಕ್ಕೂ ಅಲ್ಲಿ ಹೆಸರು ಹಾಕ್ತಾರಾ?" ಎಂದರು ಅತ್ತೆ.

"ಹೇಳಿದರೆ ಹಾಕ್ತಾರೆ ಅತ್ತೆ" ಎಂದೆ. "ನಾನೇ ಹಾಕಿಸಿದ್ದು."