ನಮ್ಮ ಸೊಸೆಯ ಬಲಗೈ

ನಮ್ಮ ಸೊಸೆಯ ಬಲಗೈ ಸುಮ್ಮನಿರುವ ಕೈಯಲ್ಲ. ಅವಳು ಕೆಲಸ ಮಾಡುವುದು ಹಾಲುಗಲ್ಲದ ಕೂಸುಗಳನ್ನು ಹಗಲು ನೋಡಿಕೊಳ್ಳುವ ಶಿಶುವಿಹಾರದಲ್ಲಿ. ತಾಯಂದಿರು ಬೆಳಿಗ್ಗೆ ಮಗುವನ್ನು ಇವಳ ತೋಳಿಗೆ ಹಾಕಿ, ಬಾಟಲಿಯನ್ನು ಕಪಾಟಿನಲ್ಲಿಟ್ಟು, ತಿರುಗಿ ನೋಡದೆ ಮೆಟ್ಟಿಲಿಳಿಯುತ್ತಾರೆ. ತಿರುಗಿ ನೋಡಿದರೆ ಕಾಲು ಏಳುವುದಿಲ್ಲವಲ್ಲ! ಅಲ್ಲಿಂದ ಸಂಜೆಯವರೆಗೆ ಅಳುವೆಲ್ಲ ಇವಳ ಪಾಲು. ಅತ್ತ ಮಗುವನ್ನು ಹೆಗಲಿಗೆ ಹಾಕಿಕೊಂಡು, ಅಂಗೈ ತುಸು ಕುಳಿ ಮಾಡಿ, ಬೆನ್ನು ತಟ್ಟುತ್ತಾಳೆ. ಅಂದು ಹಾಗೆ ತಟ್ಟಿಸಿಕೊಂಡು ಮಲಗಿದವರು ಇಂದು ಮೀಸೆ ಬಿಟ್ಟುಕೊಂಡು ಬೈಕು ಓಡಿಸುತ್ತಾರೆ. ಕೈಗೆ ಮಾತ್ರ ಅದೇ ಕೆಲಸ.

ಹೀಗಾಗಿ ಏನನ್ನು ಎದೆಗವುಚಿಕೊಂಡರೂ ಆ ಕೈ ತಾನಾಗಿಯೇ ತಟ್ಟತೊಡಗುತ್ತದೆ. ಹಿಟ್ಟಿನ ಚೀಲ, ಒಗೆದ ಬಟ್ಟೆಯ ಗಂಟು, ಬಸ್ಸಿನಲ್ಲಿ ತೊಡೆಯ ಮೇಲಿನ ಬ್ಯಾಗು, ಎಲ್ಲವೂ ಮಲಗಲೇಬೇಕು. ಒಮ್ಮೆ ಗ್ಯಾಸ್ ಸಿಲಿಂಡರನ್ನು ತಬ್ಬಿ ಒಳಗೆ ತರುವಾಗಲೂ ತಟ್ಟುತ್ತಿದ್ದಳು.

"ಅದನ್ನ ಮಲಗಿಸಬೇಡ ಕಣಮ್ಮ, ರಾತ್ರಿ ಊಟ ಇರಲ್ಲ" ಎಂದೆ.

"ಹೋಗಿ ಮಾವ" ಎಂದು ನಕ್ಕಳು. ಕೈ ಮಾತ್ರ ನಿಲ್ಲಲಿಲ್ಲ.

ಈ ಕೈಯನ್ನು ಕಟ್ಟಿಕೊಂಡು ಅವಳು ಕುಸ್ತಿ ಕಲಿಯಲು ಹೊರಟಳು. ಸೈಕಲ್ಲಿನ ಚಕ್ರಕ್ಕೆ ಟೈರು ಹಾಕಿಸಲು ಹೋದವಳು, ಅಂಗಡಿಯವನು ಟೈರು ಹುಡುಕುವಷ್ಟರಲ್ಲಿ ಪಕ್ಕದ ಮೆಟ್ಟಿಲು ಹತ್ತಿ ಮೇಲಿನ ಹಜಾರ ನೋಡಿ ಬಂದಳು. ಅಲ್ಲಿ ನೆಲದ ತುಂಬ ರಬ್ಬರಿನ ಮ್ಯಾಟು. ಗೋಡೆಯ ಮೇಲೆ 'ಬ್ರೆಜಿಲಿಯನ್ ಜಿಯು-ಜಿತ್ಸು, ಸಂಜೆ ತರಗತಿ' ಎಂಬ ಹಲಗೆ. ಮನೆಗೆ ಬಂದವಳೇ "ನಾನು ಸೇರ್ತೀನಿ" ಎಂದಳು.

ನನ್ನ ಮಗ ಊಟದ ತಟ್ಟೆಯಿಂದ ತಲೆ ಎತ್ತಿದ. "ಈ ವಯಸ್ಸಲ್ಲಿ ಕುಸ್ತಿನಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತೇನೇ?"

"ಮರ ಬಗ್ಗೋದು ಬೇಡ, ಉರುಳಿದ್ರೆ ಸಾಕಂತೆ. ಅಲ್ಲಿ ಎಲ್ಲರೂ ಉರುಳ್ತಾನೇ ಇದ್ರು" ಎಂದಳು. ಆಮೇಲೆ ನಗು ನಿಲ್ಲಿಸಿ ಒಂದು ಮಾತು ಹೇಳಿದಳು. "ದಿನವಿಡೀ ಕೈಲಾಗದ ಕೂಸುಗಳನ್ನ ಹಿಡ್ಕೊಂಡಿರ್ತೀನಿ. ಎಲ್ಲಿ ನೋವಾಗುತ್ತೋ ಅಂತ ಉಸಿರು ಬಿಗಿ ಹಿಡಿದೇ ಹಿಡ್ಕೊಳ್ಳೋದು. ಸಂಜೆ ಒಂದು ಗಂಟೆ, ನನ್ನ ಮೇಲೆ ತಿರುಗಿ ಬೀಳೋರನ್ನ ಹಿಡೀಬೇಕು. ಅಷ್ಟೇ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಣ್ಣು ಅವಳು. ಮೊಲ ತಂದು ನಾಲ್ಕನೆಯ ಕಾಲು ತೋರಿಸಿದರೂ ಅದು ಬಾಲ ಎನ್ನುತ್ತಾಳೆ.

ಆಟದ ಕ್ರಮ ಹೀಗಿದೆ. ಇದರಲ್ಲಿ ಗುದ್ದಾಟ ಒದೆದಾಟ ಇಲ್ಲ. ದಪ್ಪ ಬಟ್ಟೆಯ ಅಂಗಿ ತೊಟ್ಟು, ಸೊಂಟಕ್ಕೆ ಬೆಲ್ಟು ಬಿಗಿದು, ಇಬ್ಬರೂ ನೆಲದ ಮೇಲೆ ಒಬ್ಬರನ್ನೊಬ್ಬರು ಅದುಮಿ ಹಿಡಿಯುತ್ತಾರೆ. ಕೈಯನ್ನೋ ಕತ್ತನ್ನೋ ಬಿಡಿಸಿಕೊಳ್ಳಲಾಗದಂತೆ ಸಿಕ್ಕಿಸುತ್ತಾರೆ. ಸಿಕ್ಕಿಕೊಂಡವರು ಎದುರಾಳಿಯ ಮೈಯನ್ನೋ ನೆಲವನ್ನೋ ತಟ್ಟಬೇಕು. ತಟ್ಟಿದರೆ 'ಸೋತೆ, ಬಿಡು' ಎಂದು ಅರ್ಥ. ತಟ್ಟಿದ ಕ್ಷಣವೇ ಹಿಡಿತ ಬಿಡಬೇಕು. ಗಾದೆಯ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾನೆ. ಇಲ್ಲಿಯ ಜಟ್ಟಿ ಮೀಸೆ ಮಣ್ಣಾಯಿತೆಂದು ತಾನೇ ಹೇಳಬೇಕು. ಹೇಳದಿದ್ದರೆ ಮೂಳೆ ಹೇಳುತ್ತದೆ.

ಮೊದಮೊದಲು ಅವಳಿಗೆ ಬರೀ ಸೋಲು. ಕೆಳಗೆ ಬಿದ್ದು, ತಟ್ಟಿ, ಎದ್ದು, ಮತ್ತೆ ಬೀಳುತ್ತಿದ್ದಳು. ಸಂಜೆ ಕತ್ತಲಾಗುವುದರಿಂದ ಕರೆತರಲು ನಾನು ಹೋಗುತ್ತಿದ್ದೆ. ಬಾಗಿಲ ಪಕ್ಕದ ಬೆಂಚು ನನ್ನದೇ ಆಯಿತು. ಕಲಿಸುವ ಮಾಸ್ತರರು ಹಗಲು ಲಿಫ್ಟು ರಿಪೇರಿ ಮಾಡುವವರು. ಒಣಕಲು ಆಳು, ಮಾತು ಕಮ್ಮಿ. ಅವಳ ಜೋಡಿಯಾಗಿ ಸಿಕ್ಕಿದ್ದು ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು. ಆಕೆಯ ಮುಂದೋಳು ಎಂದರೆ ನನ್ನ ಮೀನಖಂಡಕ್ಕಿಂತ ದಪ್ಪ, ಬಾಯಿ ಅದಕ್ಕಿಂತ ದೊಡ್ಡದು.

ಚಳಿಗಾಲ ಬರುವ ಹೊತ್ತಿಗೆ ನಮ್ಮವಳಿಗೆ ಒಂದು ಪಟ್ಟು ಒಲಿಯಿತು. ಎದುರಾಳಿಯನ್ನು ಅಂಗಾತ ಕೆಡವಿ, ಪಕ್ಕದಿಂದ ಎದೆಯ ಮೇಲೆ ಎದೆ ಊರಿ, ತಲೆಯ ಕೆಳಗೊಂದು ತೋಳು ತೂರಿಸಿ ಅದುಮುವುದು. ಕೂಸುಗಳನ್ನು ಎತ್ತಿ ಎತ್ತಿ ಭಾರ ಎಲ್ಲಿ ಊರಬೇಕೆಂಬುದು ಮೈಗೆ ಗೊತ್ತಿತ್ತಲ್ಲ! ಒಂದು ಸಂಜೆ ಬೇಕರಿಯವಳನ್ನು ಹಾಗೆ ಹಿಡಿದಳು. ಬೇಕರಿಯವಳು ಬುಸುಗುಟ್ಟಿದಳು, ಕೊಸರಿದಳು, ಏಳಲಾಗಲಿಲ್ಲ. ಅಷ್ಟರಲ್ಲಿ ನಮ್ಮವಳ ಬಲಗೈ ಆಕೆಯ ಭುಜವನ್ನು ತಟ್ಟಿತು. ತಪ, ತಪ, ತಪ.

ಬೇಕರಿಯವಳು ತಟ್ಟನೆ ಕೈಕಾಲು ಸಡಿಲಿಸಿದಳು. "ಯಾಕೆ? ಗೆಲ್ತಾ ಇದ್ದೋಳು ನೀನು, ಸೋತೆ ಅಂತೀಯಲ್ಲ?"

"ನಾನೆಲ್ಲಿ ಅಂದೆ?"

"ತಟ್ಟಿದ್ಯಲ್ಲೇ!"

"ಅಯ್ಯೋ, ಅದು ನೀನು ಅಳ್ತಿದ್ದಂಗಿತ್ತು, ಅದಕ್ಕೆ..."

ಹಜಾರವೆಲ್ಲ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವಳ ಹೆಸರು 'ತಟ್ಟಮ್ಮ'. ಹಿಡಿತ ಬಿಗಿಯಾದಾಗಲೆಲ್ಲ ಕೈ ತಟ್ಟುವುದು, ಎಲ್ಲರೂ ನಗುವುದು. ಬರಬರುತ್ತ, "ತಟ್ಟಮ್ಮನ ತಟ್ಟು ಲೆಕ್ಕಕ್ಕಿಲ್ಲ" ಎಂದು ಬೇಕರಿಯವಳೇ ತೀರ್ಮಾನ ಕೊಟ್ಟುಬಿಟ್ಟಳು. ಆಟ ಸುಸೂತ್ರವಾಗಿ ಸಾಗಲಿ ಎಂದು ನಮ್ಮವಳೂ ಒಪ್ಪಿಕೊಂಡಳು. ಹಾವನ್ನು ಹಗ್ಗವೆಂದು ಸೊಂಟಕ್ಕೆ ಸುತ್ತಿಕೊಂಡ ಹಾಗೆ.

ಆ ಹಾವು ಒಂದು ದಿನ ಕಚ್ಚಿತು. ಬೇಕರಿಯವಳು ಕೆಳಗಿನಿಂದಲೇ ಕಾಲುಗಳ ನಡುವೆ ಇವಳ ಎಡತೋಳನ್ನು ಸಿಕ್ಕಿಸಿ, ಸೊಂಟ ಮೇಲೆತ್ತಿ ನೆಟ್ಟಗೆ ಮಾಡಿದಳು. ಇವಳು ತಟ್ಟಿದಳು. ಬೇಕರಿಯವಳು "ಮಲಗ್ಸು ಮಲಗ್ಸು" ಎಂದು ನಗುತ್ತ ಇನ್ನಷ್ಟು ಎತ್ತಿದಳು. ಇವಳು ಮತ್ತೆ ತಟ್ಟಿದಳು. ಆಮೇಲೆ ಕೇಳಿದ್ದು ಚೀರಾಟ.

ಮೊಣಕೈ ಮುರಿದಿರಲಿಲ್ಲ, ಉಳುಕಿತ್ತು. ಬೇಕರಿಯವಳ ಮುಖ ಹಿಟ್ಟಿಗಿಂತ ಬಿಳಿಚಿತು. "ನಂಗೊತ್ತಾಗ್ಲಿಲ್ಲ ಕಣೇ, ಯಾವತ್ತಿನಂಗೆ ಅಂದ್ಕೊಂಡೆ" ಎಂದು ಅದನ್ನೇ ಹೇಳುತ್ತ ಕೂತಳು. ಮಾಸ್ತರರು ಮೊಣಕೈಗೆ ಮಂಜುಗಡ್ಡೆ ಕಟ್ಟಿ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಈ ಕೋಣೇಲಿ ತಟ್ಟೋದು ಅಂದ್ರೆ ಕೊಟ್ಟ ಮಾತು. ಅದನ್ನ ಕೇಳದೆ ಇದ್ದದ್ದು ನಿನ್ನ ತಪ್ಪು" ಎಂದು ಬೇಕರಿಯವಳಿಗೆ ಹೇಳಿದರು. ಆಮೇಲೆ ಇವಳ ಕಡೆ ತಿರುಗಿದರು. "ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡಿದ್ದು ನಿಂದು. ನಗ್ತಾ ಬಿಟ್ಟಿದ್ದು ನಂದು. ಕೈ ವಾಸಿಯಾಗ್ಲಿ. ಆಮೇಲೆ ಇವಳ ಜೊತೆಗೇ ಒಂದು ಸುತ್ತು ಆಡು. ಒಂದೇ ಒಂದು ಸುಳ್ಳು ತಟ್ಟು ಬಂದ್ರೂ ನಿನಗೆ ಇಲ್ಲಿ ಎದುರಾಳಿ ಇರಲ್ಲ. ಬೆಳಗಿನ ಕಸರತ್ತಿಗೆ ಬಾ, ಬೇಡ ಅನ್ನಲ್ಲ."

ತಿರುಗಿ ಬೀಳುವವರನ್ನು ಹಿಡಿಯಲೆಂದು ಹೋದವಳಿಗೆ ಒಬ್ಬಳೇ ಕೈಕಾಲು ಆಡಿಸು ಎಂದರೆ ಏನು ಬಂತು? ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಕೈ ನಂದು ತಾನೇ ಮಾವ? ನಾನು ಹೇಳಿದ್ದು ಕೇಳ್ಲೇಬೇಕು" ಎಂದಳು.

ಕೈ ಕೇಳಬೇಕಲ್ಲ! ಮೊಣಕೈಯ ಊತ ಇಳಿಯುವ ಮುಂಚೆಯೇ ಬಲಗೈಯ ಪಾಠ ಶುರುವಾಯಿತು. ಶಿಶುವಿಹಾರದಲ್ಲಿ ತಟ್ಟುವುದನ್ನೇ ನಿಲ್ಲಿಸಿದಳು. ತೂಗಿ, ಗುನುಗಿ, ಅಡ್ಡಾಡಿಸಿ ಮಲಗಿಸಲು ನೋಡಿದಳು. ಅಲ್ಲೊಂದು ಕೂಸಿದೆ, ಗಂಟಲಿನ ದೆಸೆಯಿಂದ 'ಗುಡುಗಪ್ಪ' ಎಂದು ಅದಕ್ಕೆ ಹೆಸರು. ಗುಡುಗಪ್ಪ ಇವಳ ಹೆಗಲ ಮೇಲೆ ಕಾದ. ತಟ್ಟು ಬೀಳಲಿಲ್ಲ. ತಲೆ ಎತ್ತಿ ಇವಳ ಮುಖ ನೋಡಿದ. ಆಮೇಲೆ ಗುಡುಗಿದ. ಅವನಿಂದ ಪಕ್ಕದ ತೊಟ್ಟಿಲಿಗೆ, ಅಲ್ಲಿಂದ ಕಿಟಕಿ ಬದಿಗೆ, ಬೆಂಕಿ ಹತ್ತಿದಂತೆ ಅಳು ಹರಡಿತು. ಶಿಶುವಿಹಾರ ನಡೆಸುವ ಮೇಡಂ ಓಡಿ ಬಂದು, "ಏನಾಯ್ತು ದೊಡ್ಡಕ್ಕ, ನಿಮ್ಮ ಕೋಣೇಲಿ ಇಷ್ಟು ಗಲಾಟೆ ನಾನು ಕಂಡೇ ಇಲ್ಲ" ಎಂದರಂತೆ.

ಅಂದು ಸಂಜೆ ನನ್ನೆದುರು ಕೂತು ಹೇಳಿದಳು. "ಮಕ್ಕಳ ನಿದ್ದೆ ಕಿತ್ಕೊಂಡು ನಾನು ಕುಸ್ತಿ ಗೆಲ್ಬೇಕಾ ಮಾವ? ತಟ್ಟೋದನ್ನ ಬಿಡಲ್ಲ. ಆಟಾನೂ ಬಿಡಲ್ಲ."

"ಎರಡು ದೋಣಿ ಮೇಲೆ ಕಾಲು" ಎಂದ ನನ್ನ ಮಗ.

"ಕಾಲಲ್ಲ, ಕೈ" ಎಂದಳು ಅವಳು, ಆ ಕೈಯನ್ನೇ ದಿಟ್ಟಿಸುತ್ತ.

ದಿಟ್ಟಿಸಿ ದಿಟ್ಟಿಸಿಯೇ ಅವಳಿಗೆ ಹೊಳೆದದ್ದು. ತಟ್ಟಲು ಅಂಗೈ ಬಿಚ್ಚಿರಬೇಕು. ಮುಷ್ಟಿ ಕಟ್ಟಿದ ಕೈ ತಟ್ಟುವುದಿಲ್ಲ. ಇಷ್ಟು ವರ್ಷ ಆ ಕೈ ಯಾವ ಮೈಯ ಮೇಲೂ ಮುಷ್ಟಿ ಕಟ್ಟಿದ್ದೇ ಇಲ್ಲ. ಎಳೆ ಮೈ, ಎಲ್ಲಿ ಗೀರಿ ಹೋದೀತೋ ಎಂದು ಬೆರಳು ಮಡಿಸದೆ, ಬರೀ ಅಂಗೈಯಲ್ಲಿ ಆತು ಹಿಡಿದು ರೂಢಿ. ಮಾಸ್ತರರು ಮೊದಲ ದಿನದಿಂದ "ಬಟ್ಟೆ ಹಿಡಿ, ಬಟ್ಟೆ ಹಿಡಿ" ಎನ್ನುತ್ತಿದ್ದರು. ಇವಳು ಹಿಡಿದೆ ಎಂದುಕೊಂಡು ಸವರುತ್ತಿದ್ದಳು. ಕೈಗೆ ಬಿಡಿಸಬೇಕಾದ್ದು ತಟ್ಟುವ ಚಾಳಿಯಲ್ಲ, ಕಲಿಸಬೇಕಾದ್ದು ಮುಷ್ಟಿ.

ಆಮೇಲೆ ನಮ್ಮ ಮನೆಯಲ್ಲಿ ಮುಷ್ಟಿಗೆ ಸಿಗದ ಬಟ್ಟೆ ಉಳಿಯಲಿಲ್ಲ. ಕಿಟಕಿಯ ಪರದೆ, ದಿಂಬಿನ ಗವುಸು, ನೀರಲ್ಲಿ ನೆನೆದ ಕಂಬಳಿ, ಎಲ್ಲವನ್ನೂ ಗೆಣ್ಣು ಬೆಳ್ಳಗಾಗುವಂತೆ ಹಿಂಡಿದಳು. ಮನಸ್ಸಿಗೊಂದು ಗುರುತಿರಲಿ ಎಂದು ಸೊಂಟಕ್ಕೆ ತನ್ನ ಬಿಳಿ ಬೆಲ್ಟು ಬಿಗಿದುಕೊಂಡೇ ಅಭ್ಯಾಸ. ಬೆಲ್ಟು ಬಿಗಿದರೆ ಮುಷ್ಟಿ, ಬಿಚ್ಚಿದರೆ ಅಂಗೈ. ಊಟವಾದ ಮೇಲೆ ಗಂಡನನ್ನೇ ಚಾಪೆಯ ಮೇಲೆ ಕೆಡವಿಕೊಂಡು, "ಕೊಸರಾಡ್ರೀ, ಹೆಣದ ಥರ ಬಿದ್ಕೋಬೇಡಿ" ಎಂದು ಗದರುತ್ತಿದ್ದಳು. ಅವನು ಕೊಸರಾಡಿದ. ಬನಿಯನ್ನು ಬೆನ್ನಿನಿಂದ ಕಂಕುಳವರೆಗೆ ಪರ್ರನೆ ಹರಿಯಿತು.

"ಅಪ್ಪಾ, ನೋಡ್ತಾ ಕೂತಿದ್ದೀಯಲ್ಲ, ಬಿಡಿಸಪ್ಪ!"

"ತಟ್ಟೋ, ಬಿಡ್ತಾಳೆ" ಎಂದೆ. ತಟ್ಟಿದ. ಆ ಕ್ಷಣವೇ ಬಿಟ್ಟಳು.

ಕೊನೆಗೆ ಆ ಸಂಜೆ ಬಂತು. ನಾನು ಬೆಂಚಿನ ಮೇಲೆ, ಮಿಕ್ಕವರು ಗೋಡೆಗೊರಗಿ, ಮಾಸ್ತರರು ಗಡಿಯಾರ ಹಿಡಿದು. ಯಾರೂ ತಟ್ಟಮ್ಮ ಎನ್ನಲಿಲ್ಲ. ಬೇಕರಿಯವಳ ಮುಖದಲ್ಲಿ ಇವಳಿಗಿಂತ ಹೆಚ್ಚು ದಿಗಿಲಿತ್ತು.

"ಕೈ ಹೇಗಿದ್ಯೇ? ಮೆಲ್ಲಗೆ ಆಡ್ಲಾ?"

"ಮೆಲ್ಲಗಾಡಿದ್ರೆ ನಾನೇ ನಿನ್ನ ಮಾತಾಡಿಸಲ್ಲ" ಎಂದಳು ನಮ್ಮವಳು.

ಬೇಕರಿಯವಳು ಮೆಲ್ಲಗಾಡಲಿಲ್ಲ. ಮೊದಲ ಎಳೆತಕ್ಕೇ ಇವಳು ಕೆಳಗೆ. ಎದೆಯ ಮೇಲೆ ಹಿಟ್ಟಿನ ಮೂಟೆಯಂತೆ ಆಕೆ ಕೂತಳು. ಇವಳು ಸೊಂಟ ಜಾರಿಸಿ, ಮೊಣಕಾಲು ನಡುವೆ ತೂರಿಸಿ, ಇಷ್ಟಿಷ್ಟೇ ಹೊರಬಂದಳು. ಒಮ್ಮೆಲೇ ಹೊರಳಿದಳು. ಈಗ ಬೇಕರಿಯವಳು ಅಂಗಾತ, ಇವಳು ಪಕ್ಕದಿಂದ ಎದೆಯೂರಿ. ಅದೇ ಪಟ್ಟು, ಅದೇ ಜಾಗ. ಕೆಳಗಿದ್ದವಳು ಬುಸುಗುಟ್ಟಿದಳು. ಇವಳ ಬಲಗೈ ಭುಜದಿಂದ ಮೇಲೆದ್ದಿತು, ಬೆರಳು ಬಿಚ್ಚಿಕೊಂಡವು, ಅಂಗೈ ಕುಳಿಯಾಯಿತು. ಮಾಸ್ತರರು ಗಡಿಯಾರ ಬಿಟ್ಟು ಆ ಕೈಯನ್ನೇ ನೋಡುತ್ತಿದ್ದರು. ಗಾಳಿಯಲ್ಲಿ ನಿಂತಿದ್ದ ಕೈ ಇಳಿಯಿತು, ಬೇಕರಿಯವಳ ಭುಜದ ಹಿಂದಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ತಿರುಚಿತು. ಗೆಣ್ಣು ಬೆಳ್ಳಗಾದವು. ಬೇಕರಿಯವಳು ಸೊಂಟ ಎತ್ತಿ ಎತ್ತಿ ಕೊಡವಿದಳು. ಮುಷ್ಟಿ ಬಿಡಲಿಲ್ಲ.

ಮುಷ್ಟಿ ಬಿಡದ್ದೇ ಎದುರಾಳಿಗೆ ದಾರಿಯಾಯಿತು. ಬಲಗೈ ಅಲ್ಲೇ ಸಿಕ್ಕಿಕೊಂಡದ್ದು ನೋಡಿ ಬೇಕರಿಯವಳು ಅಡಿಯಿಂದ ಕಾಲೆತ್ತಿ, ಇವಳ ಎಡತೋಳನ್ನು ಮೊದಲಿನ ಹಾಗೆಯೇ ಸಿಕ್ಕಿಸಿ, ಸೊಂಟ ಮೇಲೆತ್ತಿದಳು. ಉಳುಕಿದ್ದ ಅದೇ ಮೊಣಕೈ ನೆಟ್ಟಗಾಗುತ್ತ ಬಂತು. ನಮ್ಮವಳು ಹಲ್ಲು ಕಚ್ಚಿ ತಪ್ಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಆಗ ಬಲ ಮುಷ್ಟಿಯನ್ನು ಬಿಚ್ಚಿ, ಆಕೆಯ ತೊಡೆಯನ್ನು ತಟ್ಟಿದಳು.

ಬೇಕರಿಯವಳು ಕಾದ ಪಾತ್ರೆ ಬಿಟ್ಟಂತೆ ತೋಳನ್ನು ಬಿಟ್ಟಳು.

ಇಬ್ಬರೂ ಏದುಸಿರು ಬಿಡುತ್ತ ಮ್ಯಾಟಿನ ಮೇಲೆ ಬಿದ್ದಿದ್ದರು. ನಮ್ಮವಳು ಮೊಣಕೈ ಮಡಿಸಿ, ಚಾಚಿ ನೋಡಿದಳು. ನೋವಿರಲಿಲ್ಲ. "ಸೋತೆ" ಎಂದಳು, ಬಾಯಿಬಿಟ್ಟು, ಎಲ್ಲರಿಗೂ ಕೇಳುವಂತೆ.

"ಕೇಳಿಸ್ತು ಕಣೇ" ಎಂದಳು ಬೇಕರಿಯವಳು. "ಇವತ್ತು ನೀನು ತಟ್ಟಿದ್ದು ನಂಗೆ ಮೂಳೆವರೆಗೂ ಕೇಳಿಸ್ತು."

ಮಾಸ್ತರರು ಗಡಿಯಾರವನ್ನು ಜೇಬಿಗಿಳಿಸಿದರು. "ಎಡತೋಳು ಒಳಗೆ ಎಳ್ಕೊಳ್ಳೋದು ನಾಳೆ ಹೇಳಿಕೊಡ್ತೀನಿ. ಇಬ್ಬರೂ ಬೇಗ ಬನ್ನಿ" ಎಂದರು.

ಮನೆಗೆ ಬರುವ ಬಸ್ಸಿನಲ್ಲಿ ಜಾಗ ಸಿಕ್ಕಿತು. ಬೆವರಿನ ಅಂಗಿ ತುಂಬಿದ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕಿಟಕಿಗೆ ತಲೆ ಆನಿಸಿದಳು. ತುಸು ಹೊತ್ತಿಗೆ ತಪ, ತಪ, ತಪ ಎಂದು ಸದ್ದು ಕೇಳಿ ನಾನು ಮೆಲ್ಲಗೆ ತಿರುಗಿದೆ.

ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಹಾಗೆ ನೋಡ್ಬೇಡಿ ಮಾವ. ಬೆಲ್ಟು ಬಿಚ್ಚಿದೀನಿ."