ಏಳನೇ ಜೋಡಿ ತಂತಿ

ಅವನನ್ನು ಊರೆಲ್ಲ ಟೋನಣ್ಣ ಎಂದೇ ಕರೆಯುತ್ತಿತ್ತು. ಟೆಲಿಫೋನ್ ಲೈನ್‌ಮನ್ ಅವನು; ಕಂಬ ಹತ್ತಿ, ಸೊಂಟಕ್ಕೆ ನೇತುಹಾಕಿಕೊಂಡ ಪರೀಕ್ಷೆಯ ಫೋನನ್ನು ತಂತಿಗೆ ಕಚ್ಚಿಸಿ, ಡಯಲ್ ಟೋನಿನ ಸದ್ದು ಕೇಳಿದೊಡನೆ "ಟೋನ್ ಬಂತು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುವುದು ಅವನ ಅಭ್ಯಾಸ. ಟೋನ್ ಬಂದಮೇಲೆ ಅವನ ಲೆಕ್ಕದಲ್ಲಿ ಫೋನು ಸರಿಯಾಯಿತು, ಇನ್ನು ಯಾರೂ ತಕರಾರು ತೆಗೆಯುವ ಹಾಗಿಲ್ಲ. ತೆಗೆದವರಿಗೆ, "ನನ್ನ ಕಿವಿಗೆ ಕೇಳಿದ್ದು ನಿಮ್ಮ ಕಿವಿಗ್ಯಾಕೆ ಕೇಳಲ್ಲ?" ಎಂದು ಎದುರು ಪ್ರಶ್ನೆ ಎಸೆದು ಸೈಕಲ್ ಹತ್ತುತ್ತಿದ್ದ. ಕೆಟ್ಟವನೇನಲ್ಲ. ಜಡಿಮಳೆಯಲ್ಲೂ ಕಂಬ ಹತ್ತುತ್ತಿದ್ದ, ಯಾರ ಮನೆಯಲ್ಲೂ ಕೈಚಾಚುತ್ತಿರಲಿಲ್ಲ. ತನ್ನ ಕಿವಿಯ ಮೇಲೆ ಮಾತ್ರ ಅವನಿಗೆ ಸ್ವಲ್ಪ ಹೆಚ್ಚೇ ನಂಬಿಕೆ ಇತ್ತು.

ಊರಿನ ಟೆಲಿಫೋನ್ ಎಕ್ಸ್‌ಚೇಂಜ್ ಎಂದರೆ ಎರಡು ಕೋಣೆ. ಒಂದರಲ್ಲಿ ಬೀರುವಿನಂಥ ಯಂತ್ರಗಳು ಸದಾ ಗುಂಯ್‌ಗುಡುತ್ತಿದ್ದವು. ಇನ್ನೊಂದರಲ್ಲಿ ಒಂದು ಮೇಜು, ತಂತಿಯ ಸುರುಳಿಗಳು, ಅವನ ಊಟದ ಡಬ್ಬಿ. ಅಲ್ಲಿಂದ ಹೊರಟ ದಪ್ಪ ಕೇಬಲ್ಲು ನೆಲದಡಿಯಲ್ಲಿ ಹರಿದು, ಬೀದಿಯ ಮೂಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಜೋಡಿ ಜೋಡಿ ತಂತಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಮನೆಗೊಂದು ಜೋಡಿ. ಎಲ್ಲವೂ ಹಂಚಿ ಮುಗಿದಿದ್ದವು. ಅವುಗಳಲ್ಲಿ ಏಳನೆಯದು ರೋಗಿಷ್ಟ. ಮೋರಿಯ ಹತ್ತಿರ ಎಲ್ಲೋ ಅದರ ಜಾಯಿಂಟಿಗೆ ನೀರು ಇಳಿದು, ಮಾತಿನ ಮಧ್ಯೆ ಕರಕರ ಎನ್ನುತ್ತಿತ್ತು. ಅಗೆದು ಸರಿಮಾಡಲು ಮೇಲಿನವರ ಅಪ್ಪಣೆ ಬೇಕು. ಮೇಲಿನವರಿಗೆ ಈ ಊರಿನ ಏಳನೇ ಜೋಡಿ ಯಾವ ಲೆಕ್ಕ? ಹಾಗಾಗಿ ಲೈನ್‌ಮನ್‌ಗಳು ತಮ್ಮತಮ್ಮಲ್ಲೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಕೆಟ್ಟ ಜೋಡಿಯನ್ನು ಯಾರಿಗಾದರೂ ಕೊಡಲೇಬೇಕಲ್ಲ, ಕೂಗಾಡುವವರಿಂದ ಬಿಡಿಸಿ ಸುಮ್ಮನಿರುವವರ ಮನೆಗೆ ಕಟ್ಟುವುದು. ಯಾರು ಕೂಗಾಡುತ್ತಾರೆ, ಯಾರು ಸುಮ್ಮನಿರುತ್ತಾರೆ ಎಂಬುದು ಪ್ರತಿಯೊಬ್ಬ ಲೈನ್‌ಮನ್‌ಗೂ ಬಾಯಿಪಾಠ. ಟೋನಣ್ಣನಿಗಂತೂ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲಷ್ಟು ಗೊತ್ತಿತ್ತು.

ಗ್ರಹಚಾರಕ್ಕೆ ಆ ಏಳನೇ ಜೋಡಿ ಅವನ ಹೆಂಡತಿಯ ಅಣ್ಣನ ಪಾಲಿಗೇ ಬಂದಿತ್ತು. ಭಾವನದು ಸಿಮೆಂಟಿನ ಅಂಗಡಿ. ಅವನು ಫೋನಿನಲ್ಲಿ ಮಾತಾಡಿದರೆ ಪಕ್ಕದ ಬೀದಿಯವರಿಗೂ ಸಿಮೆಂಟಿನ ದರ ಗೊತ್ತಾಗುತ್ತಿತ್ತು. ಅಂಥವನಿಗೆ ಫೋನು ಯಾಕೆ ಎಂದು ಊರಿನವರು ನಗುತ್ತಿದ್ದರು. "ಮನೆ ಅಳಿಯ ಲೈನ್‌ಮನ್, ನನ್ನ ಫೋನು ಮಾತ್ರ ಅವಲಕ್ಷಣ" ಎಂದು ಭಾವ ಎಲ್ಲರೆದುರು ಹೇಳತೊಡಗಿದ. ತವರಿನ ಮಾನ ಹೋಯಿತೆಂದು ಹೆಂಡತಿಯ ಮುಖ ದಪ್ಪವಾಯಿತು. ಟೋನಣ್ಣನಿಗೆ ಮನೆಯಲ್ಲಿ ಕೂತರೆ ಚುಚ್ಚುಮಾತು, ಹೊರಗೆ ಹೋದರೆ ಭಾವನ ಬಾಯಿ.

ಒಂದು ದಿನ ಪೆಟ್ಟಿಗೆ ತೆರೆದು ನಿಂತಾಗ ಅವನಿಗೆ ನರ್ಸಮ್ಮನ ಮನೆ ನೆನಪಾಯಿತು. ನರ್ಸಮ್ಮ ಅರ್ಧ ಊರಿಗೆ ಸೂಜಿ ಚುಚ್ಚಿ ನಿವೃತ್ತಳಾದವಳು. ಜೊತೆಗೆ ಇದ್ದವಳು ಒಬ್ಬಳೇ ಮಗಳು, ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತು ಬಾರದು. ತಾಯಿಮಗಳ ಮಾತೆಲ್ಲ ಕೈಯಲ್ಲೇ. ಆ ಮನೆಯ ಫೋನು ರಿಂಗಾಗುವುದೇ ಅಪರೂಪ, ತಕರಾರು ಎಂದೂ ಬಂದದ್ದಿಲ್ಲ. ಅವರ ಜೋಡಿಯೋ ಒಳ್ಳೆ ಗಟ್ಟಿಮುಟ್ಟಾದ ಜೋಡಿ. ಟೋನಣ್ಣ ಎರಡು ತಿರುಪು ಸಡಿಲಿಸಿ ಎರಡು ತಿರುಪು ಬಿಗಿದ. ಭಾವನ ಕರಕರ ನರ್ಸಮ್ಮನ ಮನೆಗೆ ಹೋಯಿತು, ನರ್ಸಮ್ಮನ ನಿಶ್ಶಬ್ದ ಭಾವನ ಅಂಗಡಿಗೆ ಬಂತು. ಅಂದು ಊಟಕ್ಕೆ ಕೂತಾಗ ಅವನು ಹೆಂಡತಿಗೆ, "ಕಿವಿ ಕೇಳದೋರ ಮನೇಲಿ ಲೈನು ಕರಕರ ಅಂದ್ರೆ ಯಾರಿಗೇನು ನಷ್ಟ ಹೇಳು?" ಎಂದ. ಇಬ್ಬರೂ ಮನಸಾರೆ ನಕ್ಕರು.

ಆ ಮನೆಗೆ ಕಂಪ್ಯೂಟರ್ ಬಂದದ್ದು ಆಮೇಲೆ.

ಮಗಳು ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದುವ ಕೆಲಸ ಕಲಿತಿದ್ದಳು. ಮಡಿಕೆ ಬಿದ್ದದ್ದು, ಬೂಷ್ಟು ಹಿಡಿದದ್ದು, ಯಾರದೋ ಸತ್ತ ಅಜ್ಜನ ಅರ್ಧ ಮುಖ ಅಳಿಸಿದ್ದು, ಎಲ್ಲವನ್ನೂ ಕೂದಲೆಳೆ ಹಿಡಿದು ಕೂತು ಸರಿಮಾಡುತ್ತಿದ್ದಳು. ಪೇಟೆಯ ಒಂದು ದೊಡ್ಡ ಸ್ಟುಡಿಯೋದವನು ಅವಳ ಕೈಚಳಕ ನೋಡಿ ಕೆಲಸ ಕೊಟ್ಟಿದ್ದ. ಫೋಟೋಗಳು ಫೋನಿನ ತಂತಿಯಲ್ಲೇ ಬರಬೇಕು, ತಿದ್ದಿದ್ದು ಸಂಜೆಯೊಳಗೆ ತಂತಿಯಲ್ಲೇ ವಾಪಸು ಹೋಗಬೇಕು. ಬಾಯಿಲ್ಲದ ಮಗಳನ್ನು ಯಾರೂ ಕೆಲಸಕ್ಕೆ ಕರೆಯರು ಎಂದು ಚಿಂತೆ ಹಚ್ಚಿಕೊಂಡಿದ್ದ ನರ್ಸಮ್ಮನಿಗೆ ಇದು ಕೂತಲ್ಲೇ ಸಿಕ್ಕ ಭಾಗ್ಯ.

ಆದರೆ ಫೋಟೋ ಅರ್ಧ ದಾರಿಯಲ್ಲಿ ಕಡಿದು ಬೀಳುತ್ತಿತ್ತು. ಪರದೆಯ ಮೇಲಿನ ನೀಲಿ ಪಟ್ಟಿ ಆಮೆಯಂತೆ ತೆವಳಿ, ಇನ್ನೇನು ಮುಗಿಯಿತು ಎನ್ನುವಾಗ ಸಂಪರ್ಕ ಹೋಗಿ, ಮತ್ತೆ ಮೊದಲಿನಿಂದ. ನರ್ಸಮ್ಮ ಎಕ್ಸ್‌ಚೇಂಜಿಗೆ ನಡೆದುಕೊಂಡು ಬಂದಳು. "ತೊಂದ್ರೆ ಕೊಡ್ತಿದೀನಿ ಅನ್ಕೋಬೇಡಪ್ಪ" ಎಂದೇ ಮಾತು ಶುರು ಮಾಡಿದಳು.

ಟೋನಣ್ಣ ಹೋದ. ಪರೀಕ್ಷೆಯ ಫೋನು ಹಚ್ಚಿದ. ಟೋನ್ ಇತ್ತು, ಅದರ ಹಿಂದೆ ಕರಕರವೂ ಇತ್ತು. ಮಾತಾಡುವ ಮನುಷ್ಯ ಆ ಕರಕರವನ್ನು ಸಹಿಸಿಕೊಂಡು ಮಾತಾಡಿಯಾನು, ಕಂಪ್ಯೂಟರನ್ನು ಫೋನಿನ ತಂತಿಗೆ ಜೋಡಿಸುವ ಮೋಡೆಮ್ ಸಹಿಸುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ಅಭ್ಯಾಸಬಲದಿಂದ, "ಟೋನ್ ಬಂತು, ಲೈನ್ ಸರಿಯಾಗಿದೆ" ಎಂದುಬಿಟ್ಟಿತು.

"ನಂಗೂ ಮಾತಾಡುವಾಗ ಏನೋ ಕರಕರ ಅನ್ಸತ್ತೆ. ನನ್ನ ಕಿವಿನೂ ಹೋಗ್ತಾ ಇದೆ ಅಂತ ಸುಮ್ಮನಾದೆ" ಎಂದಳು ನರ್ಸಮ್ಮ.

ಅವನು ಪರೀಕ್ಷೆಯ ಫೋನಿನ ತಂತಿಯನ್ನು ಸುತ್ತಿಕೊಳ್ಳತೊಡಗಿದ. ಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದ.

ಅಲ್ಲಿಂದ ಶುರುವಾಯಿತು ನೋಡಿ ಟೋನಣ್ಣನ ರಿಪೇರಿ. ಒಳಕೋಣೆಯಲ್ಲಿದ್ದ ಎರಡನೇ ಫೋನನ್ನು ಕಿತ್ತ. ಗೋಡೆಯಿಂದ ಮೋಡೆಮ್‌ವರೆಗಿನ ಉದ್ದನೆಯ ತಂತಿ ಬದಲಿಸಿ ಗಿಡ್ಡದನ್ನು ಹಾಕಿದ. ಟ್ಯೂಬ್‌ಲೈಟಿನ ಪಕ್ಕದಿಂದ ಮೇಜನ್ನು ಸರಿಸಿದ, ನರ್ಸಮ್ಮ ಒಂದು ಕಡೆ ಹಿಡಿದರೆ ಮಗಳು ಇನ್ನೊಂದು ಕಡೆ. ಬೇರೆ ಕರೆ ನಡುವೆ ನುಗ್ಗದಂತೆ ಎಕ್ಸ್‌ಚೇಂಜಿನಲ್ಲಿ ಕಾಲ್ ವೇಯ್ಟಿಂಗ್ ತೆಗೆಸಿದ. ಮೋಡೆಮ್‌ನ ವೇಗವನ್ನು ಬೇಕೆಂದೇ ತಗ್ಗಿಸಿ, ನಿಧಾನವಾದರೂ ಕಡಿಯದಿರಲಿ ಎಂದು ನೋಡಿದ. ಊರು ಏಳುವ ಮೊದಲು ಕಳಿಸಿ ಎಂದು ಸಲಹೆ ಕೊಟ್ಟ. ಪ್ರತಿಯೊಂದರಿಂದಲೂ ಕೂದಲಿನಷ್ಟು ಗುಣ ಕಂಡಿತು, ಎರಡು ದಿನಕ್ಕೆ ಮತ್ತೆ ಅದೇ ಹಾಡು. ಇಡೀ ಮನೆಯನ್ನು ತಲೆಕೆಳಗು ಮಾಡಿದ ಮಹಾರಾಯ, ಬೀದಿಯ ಮೂಲೆಯ ಪೆಟ್ಟಿಗೆಯೊಂದನ್ನು ಬಿಟ್ಟು. ಅದರ ಮುಂದೆ ಹಾದುಹೋಗುವಾಗ ಸೈಕಲ್ಲನ್ನು ಜೋರಾಗಿ ತುಳಿಯುತ್ತಿದ್ದ.

ನರ್ಸಮ್ಮ ಕಂಡಕಂಡವರಿಗೆಲ್ಲ ಅವನ ಗುಣಗಾನ ಮಾಡತೊಡಗಿದಳು. "ನನ್ನ ಹೊಟ್ಟೇಲಿ ಹುಟ್ಟಿದ ಮಗನೂ ಇಷ್ಟು ಓಡಾಡ್ತಿರ್ಲಿಲ್ಲ" ಎಂದು ಅವನ ಎದುರಿಗೇ ಹೇಳಿದ ದಿನ ಅವನಿಗೆ ಮುಖಕ್ಕೆ ಯಾರೋ ಉಗಿದಂತಾಯಿತು. ಬೈದಿದ್ದರೆ ಎದುರು ಬೈದು ಹಗುರಾಗಬಹುದಿತ್ತು. ಹೊಗಳಿದರೆ ಏನು ಮಾಡುವುದು?

ಮಗಳು ತಾಯಿಯಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಒಂದು ಮಧ್ಯಾಹ್ನ ಅವನ ತೋರುಬೆರಳು ಹಿಡಿದು ಮೋಡೆಮ್‌ನ ಬೆನ್ನ ಮೇಲೆ ಇಟ್ಟಳು. ಅದು ಸಂಪರ್ಕಕ್ಕಾಗಿ ಕಿರುಚುವಾಗ ಬೆರಳಿಗೆ ಸಣ್ಣದೊಂದು ನಡುಕ ತಾಕಿತು. ನಡುಕ ಒಂದೇ ಸಮ ಇರಬೇಕು, ಹೀಗೆ ತಡವರಿಸಬಾರದು ಎಂದು ಅವಳು ಕೈಯಲ್ಲಿ ಆಡಿ ತೋರಿಸಿದಳು. ಆಮೇಲೆ ಕಂಪ್ಯೂಟರಿನತ್ತ ಬೆರಳು ಮಾಡಿ ಇಲ್ಲವೆಂದು ತಲೆಯಾಡಿಸಿ, ಗೋಡೆಯಿಂದ ಒಳಗೆ ಬರುವ ತಂತಿಯನ್ನು ಮುಟ್ಟಿ, ಹೌದು, ಇಲ್ಲಿಂದಲೇ ಎಂದಳು. ತಾಯಿ ಅದನ್ನು ಬಾಯಲ್ಲಿ ಹೇಳುವ ಮೊದಲೇ ಅವನಿಗೆ ಅರ್ಥವಾಗಿತ್ತು.

"ಇಲ್ಲ ಇಲ್ಲ, ಮೋಡೆಮ್ ಹಳೇದು. ಅದೇ ತೊಂದ್ರೆ. ಲೈನಲ್ಲಿ ಏನೂ ಇಲ್ಲ ಅಂತ ಹೇಳಿ ಅವ್ರಿಗೆ" ಎಂದ.

ನರ್ಸಮ್ಮ ಕೈಯಲ್ಲಿ ಹೇಳಿದಳು. ಮಗಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಕೈ ಕೆಳಗಿಳಿಸಿದಳು. ಅವನು ಚೀಲ ಎತ್ತಿಕೊಂಡು ಓಡಿಬಂದ.

ಮರುವಾರ ನರ್ಸಮ್ಮ ಮತ್ತೆ ಎಕ್ಸ್‌ಚೇಂಜಿಗೆ ಬಂದಳು. ಈ ಸಲ ತಕರಾರು ಹೇಳಲು ಬಂದಿರಲಿಲ್ಲ. ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಸ್ಟುಡಿಯೋದವರು ಯಾಕೆ ತಡ ಅಂತ ಕೇಳಿದ್ರಂತೆ. ನೀನು ಹೇಳಿದ್ಯಲ್ಲ, ಅದನ್ನೇ ಬರೆದಿದಾಳೆ, ತಪ್ಪು ನಂದೇ, ನನ್ನ ಯಂತ್ರ ಸರಿಯಿಲ್ಲ ಅಂತ. ಅವರು, ಶನಿವಾರ ಒಂದು ಗುಂಪಿನ ಫೋಟೋ ಸಮಯಕ್ಕೆ ಬರದಿದ್ರೆ ಕೆಲಸಾನೇ ಬೇರೆಯವರಿಗೆ ಕೊಡ್ತೀವಿ ಅಂದಿದಾರೆ. ನಿನ್ನಿಂದ ಆಗೋದೆಲ್ಲ ಮಾಡಿದೆಯಪ್ಪ. ನಮ್ಮ ಹಣೆಬರಹಕ್ಕೆ ನೀನೇನು ಮಾಡ್ತೀಯ."

ಆಕೆ ಹೋದಮೇಲೆ ಟೋನಣ್ಣ ಡಬ್ಬಿ ತೆರೆದ, ಹಾಗೇ ಮುಚ್ಚಿದ. ಜೋಡಿ ಕದ್ದದ್ದು ಒಂದು ತಪ್ಪು, ಆದರೆ ಕಸುಬಿನಲ್ಲಿ ಎಲ್ಲರೂ ಮಾಡುವ ತಪ್ಪು ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ. ಈಗ ಆ ತಪ್ಪನ್ನು ನರ್ಸಮ್ಮನ ಮಗಳ ಕೈಯಿಂದಲೇ ಬರೆಸಿ ಒಪ್ಪಿಸಿದ್ದಾನೆ. ಅವಳಿಗೆ ಬೆರಳ ತುದಿಯಲ್ಲಿ ನಿಜ ಗೊತ್ತಿತ್ತು, ಅದನ್ನು ಅವಳಿಂದ ಸುಳ್ಳು ಮಾಡಿಸಿದ್ದಾನೆ. ಇಂಥ ನೀಚ ಕೆಲಸ ತನ್ನ ಕೈಯಿಂದ ಆದೀತೆಂದು ಅವನು ಎಣಿಸಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದ. "ಜೋಡಿ ವಾಪಸ್ ಕೊಟ್ಬಿಡ್ತೀನಿ."

"ಅಣ್ಣ ಊರೆಲ್ಲ ಕೂಗಾಡ್ತಾನಲ್ರೀ."

"ಕೂಗಾಡ್ಲಿ. ಅವನಿಗೆ ಬಾಯಿದೆ."

ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. "ಅವತ್ತು ನಾನೂ ನಕ್ಕಿದ್ದೆ ಅಲ್ವಾ" ಎಂದಳು. "ಹೋಗಿ, ಕೊಟ್ಟು ಬನ್ನಿ. ಅಣ್ಣಂಗೆ ನಾನು ಹೇಳ್ತೀನಿ."

ಶನಿವಾರ ಬೆಳಿಗ್ಗೆ ಟೋನಣ್ಣ ಪೆಟ್ಟಿಗೆ ತೆರೆದ. ಎರಡು ತಿರುಪು ಸಡಿಲಿಸಿ ಎರಡು ತಿರುಪು ಬಿಗಿಯುವ ಕೆಲಸ, ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟೇ ಇಷ್ಟು ಕೆಲಸಕ್ಕೆ ಇಷ್ಟು ದಿನ ಅವರನ್ನು ಗೋಳಾಡಿಸಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಪೆಟ್ಟಿಗೆಯ ಬಾಗಿಲು ಮುಚ್ಚುವಷ್ಟರಲ್ಲಿ ಸಿಮೆಂಟಿನ ಅಂಗಡಿಯಿಂದ ಭಾವನ "ಹಲೋ! ಹಲೋ! ಯಾವ ಪೀಡೆ ಇದು!" ಕೇಳಿಬಂತು. ಅವನು ತಿರುಗಿಯೂ ನೋಡದೆ ನರ್ಸಮ್ಮನ ಮನೆಗೆ ನಡೆದ.

ಫೋಟೋ ಒಂದು ದೊಡ್ಡ ಕುಟುಂಬದ್ದು, ಮೂರು ಸಾಲಿನಲ್ಲಿ ಜನ. ಮಗಳು ಗುಂಡಿ ಒತ್ತಿ ಮೋಡೆಮ್‌ನ ಮೇಲೆ ಬೆರಳಿಟ್ಟಳು, ಅವಳ ಹುಬ್ಬು ಮೇಲೇರಿತು. ನೀಲಿ ಪಟ್ಟಿ ಹೊರಟಿತು. ದಿನವೂ ಕಡಿಯುತ್ತಿದ್ದ ಜಾಗ ದಾಟಿತು, ಇನ್ನೂ ಮುಂದೆ ಹೋಯಿತು, ಕೊನೆ ಮುಟ್ಟಿತು. ಸ್ವಲ್ಪ ಹೊತ್ತಿನಲ್ಲಿ ಸ್ಟುಡಿಯೋದಿಂದ ಉತ್ತರವೂ ಬಂತು: ತಲುಪಿದೆ, ಮುಂದಿನವನ್ನು ಕಳಿಸುತ್ತಿದ್ದೇವೆ. ನರ್ಸಮ್ಮ ಮಗಳ ತಲೆಯನ್ನು ಎದೆಗೊತ್ತಿಕೊಂಡು, ಟೋನಣ್ಣನ ಕಡೆ ತಿರುಗಿ ಕೈ ಮುಗಿದೇಬಿಟ್ಟಳು. ಮುಗಿದ ಆ ಕೈಗಳನ್ನು ಅವನಿಂದ ನೋಡಲಾಗಲಿಲ್ಲ.

ಮಗಳು ಏನೋ ಕೇಳಿದಳು. ನರ್ಸಮ್ಮ ನಗುತ್ತಲೇ ಹೇಳಿದಳು, "ಇವತ್ತು ಏನು ಮಾಡಿದ್ರು ಅಂತ ಕೇಳ್ತಿದಾಳೆ. ಮತ್ತೆ ಕೆಟ್ರೆ ಗೊತ್ತಿರ್ಲಿ ಅಂತೆ."

ಜಾಯಿಂಟಿಗೆ ನೀರು ಇಳಿದಿತ್ತು ಎಂದು ಹೇಳಿ ಚಹಾ ಕುಡಿದು ಎದ್ದುಹೋಗಬಹುದಿತ್ತು. ಅದರಲ್ಲಿ ಅರ್ಧ ನಿಜವೂ ಇತ್ತು. ಟೋನಣ್ಣ ನೆಲ ನೋಡುತ್ತ, "ಕೆಟ್ಟಿದ್ದು ನನ್ನ ಭಾವನ ಲೈನು ನರ್ಸಮ್ಮ. ನಿಮ್ಮ ಒಳ್ಳೇ ಲೈನು ಅವನಿಗೆ ಹಾಕಿ, ಅವನದ್ದು ನಿಮಗೆ ಹಾಕಿದ್ದೆ. ನಾನೇ ಹಾಕಿದ್ದು. ಮೊದಲ ದಿನದಿಂದ ಗೊತ್ತಿತ್ತು ನಂಗೆ" ಎಂದ.

ನರ್ಸಮ್ಮನ ಕೈಗಳು ಗಾಳಿಯಲ್ಲೇ ನಿಂತವು. ಮಗಳು ತಾಯಿಯ ಮುಖ ನೋಡಿದಳು, ಅವನ ಮುಖ ನೋಡಿದಳು, ಏನಾಯಿತು ಎಂದು ತಾಯಿಯ ಮೊಣಕೈ ಅಲುಗಿಸಿದಳು.

"ನಾನು ಹೇಳಲ್ಲ" ಎಂದಳು ನರ್ಸಮ್ಮ. ಅವಳ ಧ್ವನಿಯೇ ಬೇರೆಯಾಗಿತ್ತು. "ನನ್ನ ಕೈಯಿಂದ ಆಗಲ್ಲ. ಮಾಡಿದೋನು ನೀನು, ನೀನೇ ಹೇಳು."

ಟೋನಣ್ಣನಿಗೆ ಆ ಭಾಷೆ ಬಾರದು. ಕಿಟಕಿಯಾಚೆಯ ಪೆಟ್ಟಿಗೆಯನ್ನು ತೋರಿಸಿದ. ಎರಡು ತೋರುಬೆರಳು ಎತ್ತಿ, ಒಂದು ಇವಳದು, ಇನ್ನೊಂದು ಅಂಗಡಿಯದು ಎಂದು ಸನ್ನೆ ಮಾಡಿ, ಎರಡನ್ನೂ ಅದಲುಬದಲು ಮಾಡಿದ. ತನ್ನ ಎದೆ ಮುಟ್ಟಿಕೊಂಡು, ನಾನು, ನಾನು ಎಂದ. ಅವಳು ಬೇಗ ಗ್ರಹಿಸಿದಳು. ಮೋಡೆಮ್ ಹಳೇದು ಎಂದದ್ದು ಸುಳ್ಳೇ ಎಂಬಂತೆ ಅದರತ್ತ ಬೆರಳು ಮಾಡಿದಳು. ಅವನು ಹೌದೆಂದು ತಲೆಯಾಡಿಸಿದ.

ಆಗ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು. ಹೆಬ್ಬೆರಳನ್ನು ತನ್ನ ಎದೆಗೆ ಒತ್ತಿ, ಅಂಗೈ ಬಿಚ್ಚಿ ಅವನ ಮುಂದೆ ಹಿಡಿದಳು. ಇಷ್ಟು ಮನೆಗಳಿರುವಾಗ ನನ್ನ ಮನೆಯೇ ಯಾಕೆ?

ನರ್ಸಮ್ಮ ನೋಡುತ್ತ ನಿಂತಿದ್ದಳು. ಟೋನಣ್ಣನ ಕೈ ಮೇಲೇಳಲು ಒಪ್ಪಲಿಲ್ಲ. ಅವನು ಅದನ್ನು ಭಾರ ಎತ್ತಿದಂತೆ ಎತ್ತಿ, ತನ್ನ ಕಿವಿಯನ್ನು ಮುಟ್ಟಿ, ಇಲ್ಲ ಎಂಬಂತೆ ಗಾಳಿಯಲ್ಲಿ ಆಡಿಸಿದ.

ಅವಳಿಗೆ ಸಿಟ್ಟು ಬರುತ್ತದೆ, ಹೊಡೆದರೂ ಹೊಡೆಯಲಿ ಎಂದು ಅವನು ಕಾದ. ಸಿಟ್ಟು ಬರಲಿಲ್ಲ. ಅಂಗಡಿಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ಯಾರುಯಾರಿಂದಲೋ ಎಷ್ಟೋ ಸಲ ಅದೇ ಉತ್ತರ ಪಡೆದವಳಂತೆ ಅವಳು ಸರಿ ಎಂದು ತಲೆಯಾಡಿಸಿ, ಕುರ್ಚಿಯನ್ನು ಪರದೆಯ ಕಡೆ ಎಳೆದುಕೊಂಡು ಮುಂದಿನ ಫೋಟೋ ತೆರೆದಳು.